ಕಷಾಯ, ಸೆನ್ಸರ್, ಉಯ್ಯಾಲೆ: ಆಯ್ಲರ್‌ನಿಂದ ವೆರ್ಲೆವರೆಗೆ ಯಾವ ವಿಧಾನ ಎಲ್ಲಿಗೆ?

ಡಿಗ್ರಿಯಲ್ಲಿ ಗಣಿತ ಓದಿದವರಿಗೆಲ್ಲ ಆರ್‌ಕೆ4, ಅಂದರೆ ನಾಲ್ಕನೇ ದರ್ಜೆಯ ರುಂಗೆ-ಕುಟ್ಟ ವಿಧಾನ ಗೊತ್ತು. ಡಿಫರೆನ್ಷಿಯಲ್ ಸಮೀಕರಣ (ಬದಲಾವಣೆಯ ದರ ಹೇಳುವ ಸಮೀಕರಣ) ಕಂಡರೆ ಆರ್‌ಕೆ4 ಹಾಕು, ಮುಗಿಯಿತು ಎಂಬ ಅಭ್ಯಾಸ ಪರೀಕ್ಷೆ ಮುಗಿದ ಮೇಲೂ ಬಿಡುವುದಿಲ್ಲ. ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡು ಸಂಜೆ ಹೊತ್ತು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಅಕ್ಕನ ಮಗ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಮಾಡುತ್ತಿದ್ದಾನೆ. "ಇಷ್ಟೊಂದು ವಿಧಾನ ಇದೆಯಲ್ಲ ಮಾವ, ಇದರಲ್ಲಿ ಬೆಸ್ಟ್ ಯಾವುದು?" ಎಂದು ಕೇಳಿದ. ಅವನಿಗೆ ಕ್ಲಾಸು ಇಂಗ್ಲಿಷಿನಲ್ಲಿ, ಹಾಸ್ಟೆಲಿನ ಮಾತು ಮಲಯಾಳದಲ್ಲಿ. ನಾವಿಬ್ಬರು ಕೂತರೆ ಗಣಿತವೂ ಕನ್ನಡದಲ್ಲೇ. ಒಂದೊಂದನ್ನೂ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದೆವು. ಬೆಸ್ಟ್ ಎಂಬುದು ಸಮೀಕರಣ ನೋಡದೆ ಹೇಳುವ ಮಾತಲ್ಲ ಅನ್ನುವುದು ನನಗಂತೂ ಖಚಿತ. ಯಾಕೆ ಎಂದು ಲೆಕ್ಕ ಸಮೇತ ಹೇಳುತ್ತೇನೆ.

ಮೊದಲು ಎಲ್ಲಕ್ಕಿಂತ ಸುಲಭದ್ದು. ಸ್ಟೀಲ್ ಲೋಟದಲ್ಲಿ 80 ಡಿಗ್ರಿಯ ಜೀರಿಗೆ ಕಷಾಯ, ಹೊರಗೆ 30 ಡಿಗ್ರಿ. ಇವೆರಡರ ನಡುವಿನ ಅಂತರದಲ್ಲಿ ನಿಮಿಷಕ್ಕೆ ನೂರಕ್ಕೆ 5ರ ದರದಲ್ಲಿ ಬಿಸಿ ಇಳಿಯುತ್ತದೆ ಎಂದು ಇಟ್ಟುಕೊಳ್ಳಿ. 20 ನಿಮಿಷದ ನಂತರ ಎಷ್ಟು? ಇದಕ್ಕೆ ಸೂತ್ರ ಇದೆ, ಸರಿಯುತ್ತರ 48.39 ಡಿಗ್ರಿ. ಸೂತ್ರ ಇರುವ ಲೆಕ್ಕದಲ್ಲೇ ವಿಧಾನಗಳನ್ನು ಮೊದಲು ಪರೀಕ್ಷಿಸಬೇಕು.

ಎಲ್ಲ ವಿಧಾನಗಳ ಕೆಲಸವೂ ಒಂದೇ. ಈಗಿನ ಸ್ಥಿತಿ ಗೊತ್ತಿದೆ, ಅದು ಯಾವ ದರದಲ್ಲಿ ಬದಲಾಗುತ್ತಿದೆ ಎಂದು ಸಮೀಕರಣ ಹೇಳುತ್ತದೆ. ಒಂದು ಹೆಜ್ಜೆ ಮುಂದೆ ಏನಾಗಿರುತ್ತದೆ ಎಂದು ಲೆಕ್ಕ ಹಾಕಬೇಕು. ಆಯ್ಲರ್ 1768ರ ತನ್ನ ಪುಸ್ತಕದಲ್ಲಿ ಕೊಟ್ಟ ದಾರಿ ಎಲ್ಲಕ್ಕಿಂತ ನೇರ: ಈಗಿನ ದರವೇ ಹೆಜ್ಜೆಯುದ್ದಕ್ಕೂ ಇರುತ್ತದೆ ಎಂದುಕೊಂಡು ಹೋಗುವುದು. ಹಾಯ್ನ್ ವಿಧಾನ ಹೆಜ್ಜೆಯ ಆರಂಭದಲ್ಲೂ ಕೊನೆಯಲ್ಲೂ ದರ ನೋಡಿ ಸರಾಸರಿ ತೆಗೆಯುತ್ತದೆ. ರುಂಗೆ 1895ರಲ್ಲಿ ಶುರು ಮಾಡಿದ್ದನ್ನು ಕುಟ್ಟ 1901ರಲ್ಲಿ ಮುಂದುವರಿಸಿದ. ಅಲ್ಲಿಂದ ಬಂದ ಆರ್‌ಕೆ4 ಒಂದು ಹೆಜ್ಜೆಯಲ್ಲಿ ನಾಲ್ಕು ಸಲ ದರ ನೋಡುತ್ತದೆ: ಆರಂಭದಲ್ಲಿ ಒಮ್ಮೆ, ನಡುವೆ ಎರಡು ಸಲ, ಕೊನೆಗೆ ಒಮ್ಮೆ.

10 ನಿಮಿಷದ ಎರಡು ಹೆಜ್ಜೆ ಇಟ್ಟರೆ ಆಯ್ಲರ್ 42.5 ಡಿಗ್ರಿ ಕೊಡುತ್ತದೆ, ಹಾಯ್ನ್ 49.53, ಆರ್‌ಕೆ4 48.41. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಇದು ಸರಿಯಾದ ಪಂದ್ಯ ಅಲ್ಲ, ಅಲ್ವಾ? ಆರ್‌ಕೆ4 ದರ ನೋಡಿದ್ದು ಎಂಟು ಸಲ, ಆಯ್ಲರ್ ಬರೀ ಎರಡು ಸಲ. ಆಯ್ಲರ್‌ಗೂ ಎಂಟು ಸಲ ನೋಡಲು ಬಿಡೋಣ, ಅಂದರೆ ಎರಡೂವರೆ ನಿಮಿಷದ ಹೆಜ್ಜೆ. ಆಗ 47.18 ಬರುತ್ತದೆ. ಹಾಯ್ನ್‌ಗೆ 5 ನಿಮಿಷದ ಹೆಜ್ಜೆ ಕೊಟ್ಟರೆ 48.63. ಸಮ ಕೆಲಸ ಕೊಟ್ಟ ಮೇಲೂ ಆರ್‌ಕೆ4 ಗೆದ್ದಿತು. ಈಗ ಆ ಗೆಲುವನ್ನು ನಂಬಬಹುದು. ಹೆಜ್ಜೆ ಅರ್ಧ ಮಾಡಿದರೆ ಆಯ್ಲರ್‌ನ ತಪ್ಪು ಸುಮಾರು ಅರ್ಧ ಆಗುತ್ತದೆ, ಆರ್‌ಕೆ4ರದ್ದು ಸುಮಾರು ಹದಿನಾರರಲ್ಲೊಂದು ಪಾಲು. ಹೆಜ್ಜೆ ಕುಗ್ಗಿದಂತೆ ತಪ್ಪು ಎಷ್ಟು ಬೇಗ ಇಳಿಯುತ್ತದೆ ಎಂಬುದಕ್ಕೇ ದರ್ಜೆ ಎನ್ನುವುದು: ಆಯ್ಲರ್ ಒಂದನೇ ದರ್ಜೆ, ಆರ್‌ಕೆ4 ನಾಲ್ಕನೇ ದರ್ಜೆ. ಮೆತ್ತಗೆ ಬದಲಾಗುವ ಲೆಕ್ಕಗಳಲ್ಲಿ ಈ ವೇಗಕ್ಕೆ ಸಾಟಿ ಇಲ್ಲ.

ಆರ್‌ಕೆ4ಗೂ ಮುಂದಿನ ಆಯ್ಕೆ ಎಂದರೆ ಹೆಜ್ಜೆಯನ್ನು ತಾನೇ ಹಿಗ್ಗಿಸಿ ಕುಗ್ಗಿಸುವ ವಿಧಾನಗಳು. ಡೋರ್ಮಾಂಡ್ ಮತ್ತು ಪ್ರಿನ್ಸ್ 1980ರಲ್ಲಿ ಕೊಟ್ಟ ಜೋಡಿ ಇವುಗಳಲ್ಲಿ ಹೆಸರುವಾಸಿ. ಅದೇ ಲೆಕ್ಕದಿಂದ ನಾಲ್ಕನೇ ಮತ್ತು ಐದನೇ ದರ್ಜೆಯ ಎರಡು ಉತ್ತರ ತೆಗೆದು, ಅವುಗಳ ವ್ಯತ್ಯಾಸದಿಂದ ತಪ್ಪನ್ನು ಅಂದಾಜು ಮಾಡುತ್ತದೆ. ತಪ್ಪು ಜಾಸ್ತಿ ಕಂಡರೆ ಹೆಜ್ಜೆ ಚಿಕ್ಕದು, ಕಡಿಮೆ ಇದ್ದರೆ ದೊಡ್ಡದು. ಮ್ಯಾಟ್‌ಲ್ಯಾಬ್ ಎಂಬ ಗಣಿತದ ಸಾಫ್ಟ್‌ವೇರಿನ ಓಡಿಇ45, ಪೈಥಾನ್ ಭಾಷೆಯ ಲೆಕ್ಕದ ಸಲಕರಣೆ ಸೈಪೈಯಲ್ಲಿರುವ ಆರ್‌ಕೆ45 ಎರಡರ ಒಳಗೂ ಇದೇ ಇದೆ. ಹೆಜ್ಜೆ ಎಷ್ಟಿರಬೇಕು ಎಂಬ ಚಿಂತೆ ನಮಗಿಲ್ಲ. ನಾನು ಈಗ ಕೈಯಿಂದ ಬರೆದ ಆರ್‌ಕೆ4 ಅನ್ನು ಪಾಠ ಹೇಳುವುದಕ್ಕೆ ಮಾತ್ರ ಬಳಸುತ್ತೇನೆ.

ನೀರಿನ ಟ್ಯಾಂಕಿಯ ಲೆಕ್ಕದಲ್ಲಿ ಬೇರೆಯೇ ತೊಂದರೆ ಬಂತು. ನಮ್ಮ ಕಡೆ ಬಾಯಾರು, ಪೈವಳಿಕೆ, ಎಣ್ಮಕಜೆ ಭಾಗದ ಗುಡ್ಡಗಳಲ್ಲಿ ಸುರಂಗದ ನೀರು ತಾನಾಗಿ ಹರಿದು ಟ್ಯಾಂಕಿಗೆ ಬೀಳುತ್ತದೆ, ಅಲ್ಲಿಂದ ತೋಟಕ್ಕೆ. ಒಳಹರಿವು ನಿಲ್ಲಿಸಿ ತೂಬು ತೆರೆದರೆ ಮಟ್ಟ ಇಳಿಯುವ ದರ ಮಟ್ಟದ ವರ್ಗಮೂಲಕ್ಕೆ ಅನುಪಾತ. 1 ಮೀಟರ್ ನೀರು 50 ನಿಮಿಷದಲ್ಲಿ ಖಾಲಿಯಾಗುವ ಟ್ಯಾಂಕಿ ಎಂದಿಟ್ಟುಕೊಂಡರೆ 40ನೇ ನಿಮಿಷದಲ್ಲಿ 4 ಸೆಂಟಿಮೀಟರ್ ಉಳಿದಿರಬೇಕು. 10 ನಿಮಿಷದ ಹೆಜ್ಜೆಯ ಆಯ್ಲರ್ ಅಲ್ಲಿಗಾಗಲೇ ಸೊನ್ನೆಗಿಂತ ಮೂರೂವರೆ ಸೆಂಟಿಮೀಟರ್ ಕೆಳಗೆ ಹೋಗಿರುತ್ತದೆ. ಮುಂದಿನ ಹೆಜ್ಜೆಗೆ ಋಣಸಂಖ್ಯೆಯ ವರ್ಗಮೂಲ ಬೇಕು, ಲೆಕ್ಕ ಅಲ್ಲೇ ಕೆಡುತ್ತದೆ. ಆರ್‌ಕೆ4 ಕೂಡ ಕೊನೆಯ ಹೆಜ್ಜೆಯ ಒಳಗೆ ಇದೇ ಗುಂಡಿಗೆ ಬೀಳುತ್ತದೆ. ಇಲ್ಲಿ ಬೇಕಾದದ್ದು ಮೇಲಿನ ದರ್ಜೆಯ ವಿಧಾನ ಅಲ್ಲ. ಮಟ್ಟ ಇಷ್ಟಕ್ಕೆ ಇಳಿದ ಕೂಡಲೇ ನಿಲ್ಲು ಎನ್ನುವ ಈವೆಂಟ್ ಸೌಲಭ್ಯ ಬೇಕು, ಸೈಪೈಯಲ್ಲಿ ಅದಿದೆ. ಪಂಪು ಆನ್-ಆಫ್ ಆಗುವ ಲೆಕ್ಕಕ್ಕೂ ಇದೇ ದಾರಿ. ಕರೆಂಟು ಹೋದ ಕ್ಷಣಕ್ಕೆ ಲೆಕ್ಕ ನಿಲ್ಲಿಸಿ, ಅಲ್ಲಿಂದ ಹೊಸದಾಗಿ ಶುರು ಮಾಡಬೇಕು.

ಇನ್ನು ನನಗೆ ತುಂಬ ಇಷ್ಟವಾದ ಭಾಗ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡು ಎಷ್ಟೋ ಮನೆಗಳಲ್ಲಿದೆ. ಬೆಳಗ್ಗೆ ಒಳಗೆ 28 ಡಿಗ್ರಿ, ಮಧ್ಯಾಹ್ನ 50 ತಲುಪಿ, ಸಂಜೆಗೆ ಮತ್ತೆ ಇಳಿಯುತ್ತದೆ ಎಂದುಕೊಳ್ಳಿ. ಅದರೊಳಗೆ ಒಂದು ಪುಟ್ಟ ಸೆನ್ಸರ್ ತೂಗುಹಾಕಿದ್ದೇವೆ. ಗಾಳಿಯ ಬಿಸಿಗೆ ಅದು ಸುಮಾರು 1 ಸೆಕೆಂಡಿನಲ್ಲಿ ಹೊಂದಿಕೊಳ್ಳುತ್ತದೆ. ಗೂಡಿನ ಬಿಸಿ ಬದಲಾಗುವುದು ಗಂಟೆಗಳಲ್ಲಿ, ಸೆನ್ಸರ್ ಬದಲಾಗುವುದು ಸೆಕೆಂಡಿನಲ್ಲಿ. ಹೀಗೆ ಬಹಳ ವೇಗದ್ದೂ ಬಹಳ ನಿಧಾನದ್ದೂ ಒಂದೇ ಕಡೆ ಸೇರಿದ ಲೆಕ್ಕಕ್ಕೆ ಸ್ಟಿಫ್ ಎನ್ನುತ್ತಾರೆ. ಕರ್ಟಿಸ್ ಮತ್ತು ಹಿರ್ಷ್‌ಫೆಲ್ಡರ್ 1952ರಲ್ಲೇ ಈ ತೊಂದರೆಯನ್ನು ಗುರುತಿಸಿ ಬರೆದಿದ್ದರು.

ಕೈಯಲ್ಲಿ ಹಿಡಿದ ಸೆನ್ಸರ್ 33 ಡಿಗ್ರಿಯಲ್ಲಿತ್ತು, ಗೂಡಿನಲ್ಲಿ 28. ಐದೇ ಡಿಗ್ರಿ ವ್ಯತ್ಯಾಸ. 3 ಸೆಕೆಂಡಿನ ಹೆಜ್ಜೆಯಲ್ಲಿ ಆಯ್ಲರ್ ಓಡಿಸಿದರೆ ಆ ವ್ಯತ್ಯಾಸ ಪ್ರತಿ ಹೆಜ್ಜೆಗೂ ಇಮ್ಮಡಿಯಾಗಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾರುತ್ತದೆ. 1 ನಿಮಿಷದ ಕೊನೆಗೆ 52 ಲಕ್ಷ ಡಿಗ್ರಿ! ಆರ್‌ಕೆ4ರಲ್ಲಿ ಅದು ಪ್ರತಿ ಹೆಜ್ಜೆಗೆ 1.375 ಪಟ್ಟು ಬೆಳೆದು 1 ನಿಮಿಷಕ್ಕೆ ಸುಮಾರು 2,900 ಡಿಗ್ರಿ ಆಗುತ್ತದೆ. ಕಷಾಯದ ಲೆಕ್ಕದಲ್ಲಿ ಅಷ್ಟು ಚೆನ್ನಾಗಿದ್ದ ಅದೇ ಆರ್‌ಕೆ4. ಇಂಥ ಸೆನ್ಸರಿಗೆ ಆಯ್ಲರ್‌ನ ಹೆಜ್ಜೆ 2 ಸೆಕೆಂಡಿನ ಒಳಗೆ ಇರಲೇಬೇಕು, ಆರ್‌ಕೆ4ರದ್ದು ಸುಮಾರು 2.785 ಸೆಕೆಂಡಿನ ಒಳಗೆ. 10 ಗಂಟೆಯ ಹಗಲಿಗೆ 12,900ಕ್ಕೂ ಹೆಚ್ಚು ಹೆಜ್ಜೆ, ಪ್ರತಿ ಹೆಜ್ಜೆಗೆ ನಾಲ್ಕು ಸಲ ದರದ ಲೆಕ್ಕ. ಸೆನ್ಸರ್ ಮೊದಲ ಕೆಲವು ಸೆಕೆಂಡುಗಳಲ್ಲೇ ಗೂಡಿಗೆ ಹೊಂದಿಕೊಂಡು ಶಾಂತವಾಗಿದೆ. ಆದರೂ ದಿನವಿಡೀ ಈ ದಂಡ ಕಟ್ಟುತ್ತಲೇ ಇರಬೇಕು.

ತಾನೇ ಹೆಜ್ಜೆ ನೋಡಿಕೊಳ್ಳುವ ಆರ್‌ಕೆ45 ಏನು ಮಾಡುತ್ತದೆ? ಅದು ಸ್ಫೋಟಿಸುವುದಿಲ್ಲ. ಹೆಜ್ಜೆ ಸ್ವಲ್ಪ ದೊಡ್ಡದಾದ ಕೂಡಲೇ ತಪ್ಪು ಕಂಡು ಹಿಂದೆ ಸರಿಯುತ್ತದೆ, ಹಾಗಾಗಿ 3 ಸೆಕೆಂಡಿನ ಆಸುಪಾಸಿನಲ್ಲೇ ತೆವಳುತ್ತದೆ. ಉತ್ತರ ಸರಿ, ಸಮಯ ದಂಡ. ಪ್ರೋಗ್ರಾಂ ಯಾಕೋ ಮುಗಿಯುತ್ತಲೇ ಇಲ್ಲ, ಗ್ರಾಫ್ ನೋಡಿದರೆ ಮಾತ್ರ ನುಣ್ಣಗಿದೆ ಎಂದಾದರೆ ಸ್ಟಿಫ್ ಇರಬಹುದು ಎಂದು ಅನುಮಾನಿಸಿ.

ಇದಕ್ಕೆ ಮದ್ದು ಬ್ಯಾಕ್‌ವರ್ಡ್ ಆಯ್ಲರ್. ಇದು ದರವನ್ನು ಹೆಜ್ಜೆಯ ಆರಂಭದಲ್ಲಿ ನೋಡದೆ ಕೊನೆಯಲ್ಲಿ ನೋಡುತ್ತದೆ. ಕೊನೆಯ ಸ್ಥಿತಿ ಇನ್ನೂ ಗೊತ್ತಿಲ್ಲವಲ್ಲ, ಅದಕ್ಕೇ ಪ್ರತಿ ಹೆಜ್ಜೆಗೂ ಒಂದು ಸಮೀಕರಣ ಬಿಡಿಸಬೇಕು. ಸೆನ್ಸರಿನ ಲೆಕ್ಕದಲ್ಲಿ ಅದು ಒಂದು ಭಾಗಾಕಾರ, ಅಷ್ಟೆ. 5 ನಿಮಿಷದ ಹೆಜ್ಜೆ ಇಟ್ಟೆವು. ಇಡೀ ಹಗಲಿಗೆ 120 ಹೆಜ್ಜೆ. ಮೊದಲ ಹೆಜ್ಜೆಯಲ್ಲೇ 5 ಡಿಗ್ರಿಯ ವ್ಯತ್ಯಾಸ 301ರಲ್ಲೊಂದು ಪಾಲಿಗೆ ಇಳಿಯಿತು, ಆಮೇಲೆ ದಿನವಿಡೀ ತಪ್ಪು ನೂರರಲ್ಲೊಂದು ಡಿಗ್ರಿಗಿಂತ ಎಷ್ಟೋ ಕಡಿಮೆ. ಒಂದನೇ ದರ್ಜೆಯ ವಿಧಾನ ಇದು, ಕಾಗದದ ಮೇಲೆ ಆರ್‌ಕೆ4ಗಿಂತ ಮೂರು ದರ್ಜೆ ಕೆಳಗೆ. ಹುಡುಗನ ಮುಖ ಅರಳಿದ್ದು ಇಲ್ಲೇ.

ಆಗ ಅವನೇ ಕೇಳಿದ: "ಟ್ರೆಪೆಝಾಯ್ಡಲ್ ಎರಡನೇ ದರ್ಜೆಯದು, ಅದೂ ಸ್ಫೋಟಿಸುವುದಿಲ್ಲ. ಅದನ್ನೇ ಹಾಕಬಹುದಲ್ಲ ಮಾವ?" ಒಳ್ಳೆಯ ಪ್ರಶ್ನೆ. ಅದು ಆರಂಭದ ಮತ್ತು ಕೊನೆಯ ದರಗಳ ಸರಾಸರಿ ತೆಗೆಯುತ್ತದೆ. ಸ್ಥಿರವೂ ಹೌದು. ಆದರೆ 5 ನಿಮಿಷದ ಹೆಜ್ಜೆಯಲ್ಲಿ ಹಳೆಯ ವ್ಯತ್ಯಾಸ ಪ್ರತಿ ಸಲವೂ ಚಿಹ್ನೆ ಬದಲಿಸಿ 151ರಲ್ಲಿ 149 ಪಾಲು ಹಾಗೇ ಉಳಿಯುತ್ತದೆ. ಒಂದು ಗಂಟೆ ಕಳೆದರೂ ಸೆನ್ಸರ್ 4 ಡಿಗ್ರಿಗಿಂತ ಹೆಚ್ಚು ಮೇಲೆ ಕೆಳಗೆ ಹಾರುತ್ತಿರುವಂತೆ ಗ್ರಾಫ್ ತೋರಿಸುತ್ತದೆ. ಸ್ಥಿರ ಎಂಬ ಒಂದೇ ಗುಣ ಸಾಲದು, ವೇಗದ ಭಾಗವನ್ನು ಅದು ಬೇಗ ಅಡಗಿಸಲೂ ಬೇಕು.

ಇಂಥ ಸ್ಟಿಫ್ ಲೆಕ್ಕಗಳಿಗೆ ಸೈಪೈಯಲ್ಲಿ ಬಿಡಿಎಫ್ ಮತ್ತು ರಾಡೌ ಎಂಬ ವಿಧಾನಗಳಿವೆ. ಬಿಡಿಎಫ್ ಹಿಂದಿನ ಹಲವು ಹೆಜ್ಜೆಗಳ ಉತ್ತರ ನೆನಪಿಟ್ಟುಕೊಂಡು ಒಂದರಿಂದ ಐದನೇ ದರ್ಜೆಯವರೆಗೆ ಬದಲಾಯಿಸುತ್ತದೆ. ರಾಡೌ ಐದನೇ ದರ್ಜೆಯ ರುಂಗೆ-ಕುಟ್ಟ ಬಳಗದ್ದು, ಪ್ರತಿ ಹೆಜ್ಜೆಗೆ ಖರ್ಚು ಜಾಸ್ತಿ, ಆದರೆ ಗಟ್ಟಿ. ಸಣ್ಣ ಲೆಕ್ಕಕ್ಕೆ ನಾನು ರಾಡೌ ಹಿಡಿಯುತ್ತೇನೆ, ನೂರಾರು ಚರಗಳಿದ್ದರೆ ಬಿಡಿಎಫ್.

ನೂರಾರು ಚರ ಎಲ್ಲಿಂದ ಬರುತ್ತದೆ? ಮುರಕಲ್ಲಿನ ಗೋಡೆಯನ್ನೇ ನೋಡಿ. ಹೊರಗಿನ ಬಿಸಿಲು ಒಳಗೆ ಯಾವಾಗ ತಲುಪುತ್ತದೆ ಎಂದು ತಿಳಿಯಲು ಗೋಡೆಯನ್ನು ತೆಳು ಪದರಗಳಾಗಿ ಭಾಗ ಮಾಡಬೇಕು. ಶಾಖ ಹರಡುವ ಗುಣಾಂಕ ಸೆಕೆಂಡಿಗೆ ಅರ್ಧ ಚದರ ಮಿಲಿಮೀಟರ್ ಎಂದಿಟ್ಟರೆ, 1 ಸೆಂಟಿಮೀಟರ್ ಪದರಕ್ಕೆ ಆಯ್ಲರ್‌ನ ಹೆಜ್ಜೆ 100 ಸೆಕೆಂಡ್ ದಾಟುವಂತಿಲ್ಲ. ಪದರ ಅರ್ಧ ಮಾಡಿದರೆ 25 ಸೆಕೆಂಡ್. ಮತ್ತೆ ಅರ್ಧ ಮಾಡಿದರೆ 6.25. ಚಿತ್ರ ಸ್ಪಷ್ಟವಾದಷ್ಟೂ ಲೆಕ್ಕ ಸ್ಟಿಫ್ ಆಗುತ್ತಾ ಹೋಗುತ್ತದೆ. ಬ್ಯಾಕ್‌ವರ್ಡ್ ಆಯ್ಲರ್‌ಗೆ ಈ ಕಟ್ಟು ಇಲ್ಲ. ಒಂದು ಪದರಕ್ಕೆ ಅಕ್ಕಪಕ್ಕದ ಎರಡರ ಜೊತೆ ಮಾತ್ರ ಸಂಬಂಧ, ಹಾಗಾಗಿ ಸಮೀಕರಣಗಳನ್ನು ಬಿಡಿಸುವುದೂ ಬೇಗ.

ಕೊನೆಯದು ಉಯ್ಯಾಲೆ. ಗಾಳಿಯ ತಡೆ ಇಲ್ಲ, ಸಣ್ಣ ಓಲಾಟ, ಒಂದು ಓಲಾಟಕ್ಕೆ 6.28 ಸೆಕೆಂಡ್. ಹೆಜ್ಜೆ 0.1 ಸೆಕೆಂಡ್. ಶಕ್ತಿ ಹೆಚ್ಚಲೂಬಾರದು, ಕಡಿಮೆಯಾಗಲೂಬಾರದು. ಆಯ್ಲರ್‌ನಲ್ಲಿ ಶಕ್ತಿ ಪ್ರತಿ ಹೆಜ್ಜೆಗೆ ನೂರಕ್ಕೆ ಒಂದು ಹೆಚ್ಚುತ್ತದೆ. 10 ಸೆಕೆಂಡಿನಲ್ಲೇ 2.7 ಪಟ್ಟು! ಬ್ಯಾಕ್‌ವರ್ಡ್ ಆಯ್ಲರ್ ಇಲ್ಲಿ ಉಲ್ಟಾ, ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಶಕ್ತಿಯನ್ನು ಕೊಲ್ಲುತ್ತದೆ. ಸೆನ್ಸರಿಗೆ ವರವಾದ ಗುಣವೇ ಉಯ್ಯಾಲೆಗೆ ಶಾಪ. ಆರ್‌ಕೆ4 ಬಹಳ ಒಳ್ಳೆಯದು, ಆದರೆ ಒಂದೇ ದಿಕ್ಕಿಗೆ ಸೋರುತ್ತದೆ: 10 ಲಕ್ಷ ಹೆಜ್ಜೆಯ ನಂತರ ಶಕ್ತಿ ನೂರಕ್ಕೆ 1.4ರಷ್ಟು ಕಡಿಮೆ.

ವೆರ್ಲೆ ವಿಧಾನದಲ್ಲಿ ಸೋರಿಕೆ ಇಲ್ಲ. ಲೂಪ್ ವೆರ್ಲೆ 1967ರಲ್ಲಿ 864 ಆರ್ಗಾನ್ ಕಣಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಇದನ್ನು ಬಳಸಿದ. ಸ್ಥಾನ ಮತ್ತು ವೇಗವನ್ನು ಒಂದರ ನಂತರ ಒಂದು ಮುಂದೂಡುತ್ತದೆ, ಹೆಜ್ಜೆಗೆ ಒಂದೇ ಸಲ ಬಲದ ಲೆಕ್ಕ. ನಮ್ಮ ಉಯ್ಯಾಲೆಯ ಶಕ್ತಿ ಇದರಲ್ಲಿ ನೂರಕ್ಕೆ 0.25ರೊಳಗೆ ಅಲುಗುತ್ತಾ ಅಲ್ಲೇ ಇರುತ್ತದೆ. 10 ಲಕ್ಷ ಹೆಜ್ಜೆಯಾದರೂ ಅಷ್ಟೇ, ಕೋಟಿಯಾದರೂ ಅಷ್ಟೇ.

ಹಾಗೆಂದು ವೆರ್ಲೆಯನ್ನು ತಲೆಮೇಲೆ ಹೊರಬೇಕಾಗಿಲ್ಲ. ಅದರ ಗಡಿಯಾರ ಸ್ವಲ್ಪ ಮುಂದೆ ಓಡುತ್ತದೆ. ಅದೇ 10 ಲಕ್ಷ ಹೆಜ್ಜೆಗಳಲ್ಲಿ ಉಯ್ಯಾಲೆ ನಿಜಕ್ಕಿಂತ ಆರೂವರೆ ಓಲಾಟ ಮುಂದಿರುತ್ತದೆ. ಆರ್‌ಕೆ4ರಲ್ಲಿ ಈ ತಪ್ಪು ಒಂದು ಓಲಾಟದ ನೂರರಲ್ಲಿ ಒಂದೆರಡು ಪಾಲು ಮಾತ್ರ. ಗ್ರಹಣ ಎಷ್ಟು ಹೊತ್ತಿಗೆ ಎಂದು ಕೇಳಿದರೆ ಆ ಹೆಜ್ಜೆಯ ವೆರ್ಲೆ ಬೇಡ. ಗ್ರಹವ್ಯೂಹ ಕೋಟಿ ವರ್ಷ ಉಳಿಯುತ್ತದಾ, ಅನಿಲದ ಸರಾಸರಿ ಒತ್ತಡ ಎಷ್ಟು ಎಂದು ಕೇಳಿದರೆ ವೆರ್ಲೆಯ ಬಳಗವೇ ಸರಿ. ಇನ್ನೊಂದು ಎಚ್ಚರ: ಇದರ ಹೆಜ್ಜೆಯನ್ನು ನಡುನಡುವೆ ಸುಮ್ನೆ ಹಿಗ್ಗಿಸಿ ಕುಗ್ಗಿಸಿದರೆ ಶಕ್ತಿ ಕಾಯುವ ಗುಣ ಕೆಡುತ್ತದೆ.

ಹೊಸ ಲೆಕ್ಕ ಬಂದರೆ ನಾನು ಮೊದಲು ಆರ್‌ಕೆ45 ಓಡಿಸುತ್ತೇನೆ. ತೆವಳಿದರೆ ರಾಡೌ. ತಡೆಯಿಲ್ಲದ ದೀರ್ಘ ಓಲಾಟವಾದರೆ ನೇರವಾಗಿ ವೆರ್ಲೆ. ಯಾವುದನ್ನೇ ಹಾಕಿದರೂ ಟಾಲರೆನ್ಸ್, ಅಂದರೆ ಎಷ್ಟು ತಪ್ಪನ್ನು ಸಹಿಸಬಹುದು ಎಂಬ ಮಿತಿ, ಮುಟ್ಟದೆ ಬಿಡುವುದಿಲ್ಲ. ಸೈಪೈ ತಾನಾಗಿ ಇಡುವ ಸಾಪೇಕ್ಷ (ಉತ್ತರದ ಗಾತ್ರಕ್ಕೆ ಹೋಲಿಸಿದ) ಟಾಲರೆನ್ಸ್ ಸಾವಿರದಲ್ಲೊಂದು, ನನ್ನ ಕೆಲಸಕ್ಕೆ ಅದು ಸಡಿಲ. ಹತ್ತು ಲಕ್ಷದಲ್ಲೊಂದಕ್ಕೆ ಇಳಿಸಿ ಇನ್ನೊಮ್ಮೆ ಓಡಿಸಿ, ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ನಿರಪೇಕ್ಷ (ನೇರ ಅಂಕಿಯಲ್ಲೇ ಹೇಳುವ) ಟಾಲರೆನ್ಸನ್ನು ಮಾತ್ರ ಚರದ ಗಾತ್ರ ನೋಡಿ ಇಡಬೇಕು. ರಾಬರ್ಟ್‌ಸನ್ 1966ರಲ್ಲಿ ಕೊಟ್ಟ ಮೂರು ರಾಸಾಯನಿಕಗಳ ಲೆಕ್ಕ ಸ್ಟಿಫ್ ವಿಧಾನಗಳಿಗೆ ಹಳೆಯ ಪರೀಕ್ಷೆ, ಅದರ ದರಗಳು 0.04ರಿಂದ 3 ಕೋಟಿವರೆಗೆ ಹರಡಿವೆ. ಅಲ್ಲಿ ನಡುವಿನ ರಾಸಾಯನಿಕದ ಪ್ರಮಾಣ ಒಂದು ಲಕ್ಷದಲ್ಲಿ ನಾಲ್ಕು ಪಾಲನ್ನೂ ಮುಟ್ಟುವುದಿಲ್ಲ, ಆಮೇಲೆ ಇನ್ನೂ ಕುಗ್ಗುತ್ತಾ ಹೋಗುತ್ತದೆ. ಸೈಪೈ ತಾನಾಗಿ ಇಡುವ ಹತ್ತು ಲಕ್ಷದಲ್ಲೊಂದರ ನಿರಪೇಕ್ಷ ಟಾಲರೆನ್ಸನ್ನು ಹಾಗೇ ಬಿಟ್ಟರೆ ಆ ಚರದ ಅಂಕಿಗಳನ್ನು ನಂಬುವಂತಿಲ್ಲ. ಅದಕ್ಕೊಂದಕ್ಕೆ ಸಾವಿರ ಪಟ್ಟು ಬಿಗಿ ಮಾಡಿ, ಉಳಿದೆರಡನ್ನು ಹಾಗೇ ಬಿಡಬಹುದು. ಪ್ರತಿ ಚರಕ್ಕೂ ಬೇರೆ ಬೇರೆ ಟಾಲರೆನ್ಸ್ ಕೊಡಲು ಸೈಪೈ ಬಿಡುತ್ತದೆ.