ಒಂದು ದಾಸವಾಳ, ಮೂರು ಲೆನ್ಸ್, ಎರಡು ತಂತ್ರಾಂಶ

ಬಿಳಿ ಹೂವನ್ನು ಮುಂದಿಟ್ಟುಕೊಂಡು ಕ್ಯಾಮೆರಾದ ಗುಣಗಾನ ಮಾಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬಿಳಿಯನ್ನು ಯಾವ ಸಾಧನವಾದರೂ ತಕ್ಕಮಟ್ಟಿಗೆ ಹಿಡಿಯುತ್ತದೆ. ಸಾಧನದ ಬಣ್ಣ ಬಯಲಾಗುವುದು ಕೆಂಪು ದಾಸವಾಳದ ಮುಂದೆ.

ಮೂರು ವಾರ, ಗಾಳಿ ಏಳುವ ಮೊದಲಿನ ಹೊತ್ತಿನಲ್ಲಿ, ಕೈತೋಟದ ಮೂರೇ ಗಿಡಗಳ ಚಿತ್ರ ತೆಗೆದೆ: ಕೆಂಪು ದಾಸವಾಳ, ನಂದಿಬಟ್ಟಲು, ಶಂಖಪುಷ್ಪ. ಪೈಪೋಟಿಗಿದ್ದವರೂ ಮೂವರೇ. ಜೇಬಿನ ಮೊಬೈಲ್, 24 ಮೆಗಾಪಿಕ್ಸೆಲ್‌ನ ಹಳೆಯ ಕ್ಯಾಮೆರಾಕ್ಕೆ ಅದರ ಜೊತೆಗೇ ಬಂದ 18–55 ಮಿ.ಮೀ. ಲೆನ್ಸ್, ನಡುವೆ ಒಂದು ಎಕ್ಸ್‌ಟೆನ್ಷನ್ ಟ್ಯೂಬ್. ಅದೇ ಕ್ಯಾಮೆರಾಕ್ಕೆ ಗೆಳೆಯನಿಂದ ಎರವಲು ತಂದ, ಚಿಕ್ಕದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ 100 ಮಿ.ಮೀ. ಮ್ಯಾಕ್ರೊ ಲೆನ್ಸ್. ಮನೆಯೊಳಗೆ ಬಂದ ಮೇಲೆ ತಿದ್ದುವುದಕ್ಕೆ ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್, ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್. ಎರಡೂ ಉಚಿತ.

ಮೊಬೈಲಿನ ಬಗ್ಗೆ ನನಗಿದ್ದ ತಾತ್ಸಾರ ಮೊದಲ ದಿನವೇ ಅರ್ಧ ಇಳಿಯಿತು. ನಂದಿಬಟ್ಟಲನ್ನು ಅದು ಚೆನ್ನಾಗಿಯೇ ತೆಗೆದುಕೊಟ್ಟಿತು. ಬೆಳಕು ಬಿದ್ದು ಚಿತ್ರ ಮೂಡುವ ಫಲಕ, ಅಂದರೆ ಸೆನ್ಸರ್, ಚಿಕ್ಕದಾದ್ದರಿಂದ ಹೂವಿನ ಎದುರಿನ ದಳದಿಂದ ಹಿಂದಿನ ದಳದವರೆಗೂ ಎಲ್ಲವೂ ಸ್ಪಷ್ಟ. ಆದರೆ ಅದರ ಮ್ಯಾಕ್ರೊ ಮೋಡ್‌ಗೆ ಹೋದರೆ ಹೂವಿನ ಮೂಗಿಗೆ ಮೂಗು ತಾಗಿಸಬೇಕು. ಆಗ ಮೊಬೈಲಿನದೇ ನೆರಳು ದಳದ ಮೇಲೆ ಕೂತು ಅರ್ಧ ಹೂವು ಕಪ್ಪಾಗುತ್ತದೆ. ಮುಖ್ಯ ಲೆನ್ಸಿನಲ್ಲಿ ಒಂದು ಗೇಣು ದೂರ ನಿಂತು, ಎರಡು ಪಟ್ಟು ಜೂಮ್ ಮಾಡಿ ತೆಗೆದದ್ದು ಪ್ರತಿ ಸಲವೂ ಇದಕ್ಕಿಂತ ಚೆನ್ನಾಗಿ ಬಂತು. ಹೂವಿನ ಆಕಾರವೂ ಊದಿಕೊಳ್ಳಲಿಲ್ಲ.

ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡನ್ನು ಮಾತ್ರ ಹೂವಿಗೆ ಬಳಸಬೇಡಿ. ದಾಸವಾಳದ ನಡುವಿನಿಂದ ಹೊರಚಾಚುವ ಆ ಉದ್ದನೆಯ ಕಡ್ಡಿ, ಅದರ ಸುತ್ತ ಹಳದಿ ಪರಾಗದ ಗುಂಡುಗಳು, ತುದಿಯಲ್ಲಿ ಐದು ಕೆಂಪು ಚುಕ್ಕೆಗಳು, ಇವೇ ಅಲ್ಲವೇ ಆ ಹೂವಿನ ಸೊಗಸು? ಯಾವುದು ಮುಂದಿದೆ, ಯಾವುದು ಹಿಂದಿದೆ ಎಂದು ಮೊಬೈಲ್ ಲೆಕ್ಕ ಹಾಕುವಾಗ ಕೂದಲೆಳೆಯಂಥ ಆ ಕೇಸರಗಳನ್ನೇ ಹಿನ್ನೆಲೆಗೆ ಸೇರಿಸಿ ಮಸುಕು ಮಾಡಿಬಿಟ್ಟಿತು. ಐದು ಚುಕ್ಕೆಗಳಲ್ಲಿ ಉಳಿದದ್ದು ಮೂರು.

ಎಕ್ಸ್‌ಟೆನ್ಷನ್ ಟ್ಯೂಬ್ ಎಂದರೆ ಗಾಜಿಲ್ಲದ ಖಾಲಿ ಬಳೆ. ಲೆನ್ಸನ್ನು ಸೆನ್ಸರಿನಿಂದ ಸ್ವಲ್ಪ ದೂರ ಸರಿಸುತ್ತದೆ, ಅಷ್ಟೇ ಅದರ ಕೆಲಸ. ಬಳೆಯ ಉದ್ದವನ್ನು ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಎಷ್ಟು ಹಿಗ್ಗುವಿಕೆ ಹೆಚ್ಚಾಯಿತೆಂದು ತಿಳಿಯುತ್ತದೆ: 25 ಮಿ.ಮೀ. ಬಳೆ, 55 ಮಿ.ಮೀ. ಲೆನ್ಸ್, ಅಂದರೆ ಸುಮಾರು 0.45 ಪಟ್ಟು. ಈ ಲೆಕ್ಕ ಗೊತ್ತಿಲ್ಲದೆ ಮೊದಲ ದಿನ ಲೆನ್ಸನ್ನು 18ಕ್ಕೆ ತಿರುಗಿಸಿಟ್ಟುಕೊಂಡು, ಏನೂ ಕಾಣಿಸುತ್ತಿಲ್ಲವಲ್ಲ ಎಂದು ಕಾಲು ಗಂಟೆ ಒದ್ದಾಡಿದೆ. ಅಷ್ಟು ಅಗಲದ ಲೆನ್ಸಿಗೆ ಈ ಬಳೆ ಹಾಕಿದರೆ ಫೋಕಸ್ ಬೀಳುವುದು ಗಾಜಿನ ಮೇಲೆಯೋ ಅದರ ಒಳಗೋ. 55ರಲ್ಲಿ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ, ಅದೂ ಬೆಳಕು ಸಾಕಷ್ಟಿದ್ದಾಗ.

ಮ್ಯಾಕ್ರೊ ಲೆನ್ಸಿನ ದೊಡ್ಡ ಗುಣ ತೀಕ್ಷ್ಣತೆ ಎಂದುಕೊಂಡಿದ್ದೆ. ಅಲ್ಲ, ದೂರ. ಹೂವನ್ನು ಅದರ ನಿಜಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡಿಸುವಾಗಲೂ ಅದು ಸೆನ್ಸರಿನಿಂದ ಸುಮಾರು 30 ಸೆಂ.ಮೀ. ಆಚೆಗಿರುತ್ತದೆ. ನೆರಳು ಬೀಳುವುದಿಲ್ಲ, ಎಲೆ ತಾಗಿ ಗಿಡ ಅಲ್ಲಾಡುವುದಿಲ್ಲ, ಪಕ್ಕದಲ್ಲೊಂದು ಬಿಳಿ ರಟ್ಟು ಹಿಡಿದು ಬೆಳಕು ತಿರುಗಿಸುವುದಕ್ಕೂ ಜಾಗವಿರುತ್ತದೆ. ಆದರೆ ನಿಜಗಾತ್ರದಲ್ಲಿ, ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್/8ಕ್ಕೆ ಕಿರಿದಾಗಿಸಿದರೂ, ನನ್ನ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಬರುವ ಆಳ ಒಂದು ಮಿಲಿಮೀಟರಿಗೂ ಕಡಿಮೆ. ಒಂದು ಪರಾಗದ ಗುಂಡು ಸ್ಪಷ್ಟವಾದರೆ ಅದರ ಹಿಂದಿನದು ಮಂಜು. ಎಫ್/16ಕ್ಕೆ ಇಳಿಸಿದರೆ ಆಳ ಹೆಚ್ಚುತ್ತದೆ, ಆದರೆ ಕಿಂಡಿ ಕಿರಿದಾದಷ್ಟೂ ಬೆಳಕು ಬಾಗಿ ಇಡೀ ಚಿತ್ರವೇ ಒಂದು ಸುತ್ತು ಮೆತ್ತಗಾಗುತ್ತದೆ. ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿದ ಹತ್ತು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ನೋಡಿದೆ. ಹೊರಗೆ ಗಾಳಿಯಲ್ಲಿ ಆಗದ ಕೆಲಸ ಅದು. ಹೂವನ್ನು ಕಿತ್ತು ತಂದು ಕಿಟಕಿಯ ಬಳಿ ನಿಲ್ಲಿಸಿದಾಗ ಆಯಿತು. ಕಿತ್ತ ಹೂವಿನ ಚಿತ್ರ ತೋಟದ ಹೂವಿನ ಚಿತ್ರವೇ ಎಂಬ ಪ್ರಶ್ನೆ ಹಾಗೇ ಇರಲಿ.

ಈಗ ಕೆಂಪಿನ ಮಾತು. ನನ್ನ ಮಟ್ಟಿಗೆ ತೀರ್ಪು ಬಂದದ್ದು ಇಲ್ಲಿ.

ಮೊದಲ ವಾರ ಮೂರೂ ವಿಧದಲ್ಲಿ ತೆಗೆದ ದಾಸವಾಳ ಒಂದೇ ರೀತಿ ಕೆಟ್ಟಿತ್ತು. ದಳದ ಮೇಲಿನ ನರಗಳಿಲ್ಲ, ಮಡಿಕೆಗಳಿಲ್ಲ; ಕೆಂಪು ಕಾಗದ ಕತ್ತರಿಸಿ ಅಂಟಿಸಿದ ಹಾಗಿತ್ತು. ಎಡಗಡೆಯ ಕತ್ತಲೆಯಿಂದ ಬಲಗಡೆಯ ಬೆಳಕಿನವರೆಗೆ ಚಿತ್ರದಲ್ಲಿ ಯಾವುದು ಎಷ್ಟಿದೆ ಎಂದು ತೋರಿಸುವ ಕ್ಯಾಮೆರಾದ ನಕ್ಷೆ, ಹಿಸ್ಟೋಗ್ರಾಮ್, ನೋಡಿದರೆ ಎಲ್ಲ ಸರಿಯಿದೆ ಎನ್ನುತ್ತಿತ್ತು. ಅದು ಮೂರೂ ಬಣ್ಣಗಳನ್ನು ಸೇರಿಸಿದ ಹಿಸ್ಟೋಗ್ರಾಮ್. ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ಕಾಣುವಂತೆ ಬದಲಾಯಿಸಿದಾಗ ಗುಟ್ಟು ಹೊರಬಿತ್ತು: ಹಸಿರು, ನೀಲಿ ಎಡಗಡೆ ಮಲಗಿದ್ದವು, ಕೆಂಪು ಮಾತ್ರ ಬಲಗಡೆಯ ಗೋಡೆಗೆ ಗುದ್ದಿಕೊಂಡು ನಿಂತಿತ್ತು. ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕಿರುವುದು 256 ಮೆಟ್ಟಿಲು. ಕೊನೆಯ ಮೆಟ್ಟಿಲಲ್ಲೇ ಇಡೀ ದಳ ಕೂತರೆ ನರ ಎಲ್ಲಿ ಕಾಣಬೇಕು?

ಎರಡನೆಯ ವಾರದಿಂದ ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಇಳಿಸಿದೆ, ಅಂದರೆ ಬೀಳುವ ಬೆಳಕನ್ನು ಅರ್ಧ ಮಾಡಿದೆ; ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಇಡುವ ರಾ ಕಡತದಲ್ಲೂ ಉಳಿಸತೊಡಗಿದೆ. 14 ಬಿಟ್‌ನ ರಾ ಕಡತದಲ್ಲಿ ಮೆಟ್ಟಿಲುಗಳು 16,384. ಕ್ಯಾಮೆರಾದ ಬೆನ್ನಿನ ತೆರೆಯಲ್ಲಿ ಚಿತ್ರ ಕತ್ತಲೆಯಾಗಿ, ಬೇಸರ ತರಿಸುವಂತೆ ಕಂಡಿತು. ಒಳಗೆ ನರಗಳೆಲ್ಲ ಇದ್ದವು. ಮೊಬೈಲಿನಲ್ಲಿಯೂ ಹೂವನ್ನು ಮುಟ್ಟಿ ಹಿಡಿದು, ಸೂರ್ಯನ ಗುರುತನ್ನು ಕೆಳಗೆಳೆದು ತೆಗೆದರೆ ಅದೇ ಮೊಬೈಲ್ ಬೇರೆಯದೇ ಚಿತ್ರ ಕೊಟ್ಟಿತು. ಲೆನ್ಸ್ ಬದಲಿಸಿದಾಗ ಕಂಡದ್ದಕ್ಕಿಂತ ದೊಡ್ಡ ವ್ಯತ್ಯಾಸವನ್ನು ಈ ಒಂದು ಬೆರಳಿನ ಎಳೆತದಲ್ಲಿ ಕಂಡೆ. ಎರವಲು ಲೆನ್ಸಿಗಾಗಿ ಗೆಳೆಯನನ್ನು ಅಷ್ಟು ಕಾಡಿದ್ದು ನೆನೆದು ನಾಚಿಕೆಯೂ ಆಯಿತು. ನಂದಿಬಟ್ಟಲಿಗೆ ಇದರ ತದ್ವಿರುದ್ಧ: ಕ್ಯಾಮೆರಾದ ಮೀಟರ್ ಬಿಳಿಯನ್ನು ಬೂದು ಎಂದೇ ತಿಳಿಯುವುದರಿಂದ, ಹೂವು ಚೌಕಟ್ಟನ್ನು ತುಂಬಿಕೊಂಡಾಗ ಒಂದು ಸ್ಟಾಪಿನ ಮೂರರಲ್ಲಿ ಎರಡು ಭಾಗದಷ್ಟು ಏರಿಸಬೇಕು.

ತಿದ್ದುವ ಹೊತ್ತಿನಲ್ಲಿ ಸ್ನ್ಯಾಪ್‌ಸೀಡ್‌ಗೆ ಬೇಕಾದದ್ದು ಎರಡು ನಿಮಿಷ. ಅದರ ಸೆಲೆಕ್ಟಿವ್ ಉಪಕರಣದಲ್ಲಿ ದಳದ ಮೇಲೊಂದು ಚುಕ್ಕೆ ಇಟ್ಟರೆ ಸುತ್ತಲಿನ ಅದೇ ಬಣ್ಣವನ್ನಷ್ಟೇ ಹಿಡಿದುಕೊಳ್ಳುತ್ತದೆ. ಎಲೆಯನ್ನು ಮುಟ್ಟದೆ ಹೂವಿನ ಹೊಳಪು ಇಳಿಸಬಹುದು. ನಂದಿಬಟ್ಟಲಿಗೆ ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಮಾಡಿದರೆ ಹೂವು ಪ್ಲಾಸ್ಟಿಕ್ ಆಗುತ್ತದೆ. ಸೂಕ್ಷ್ಮ ವಿವರಗಳನ್ನು ಎದ್ದು ಕಾಣಿಸುವ ಸ್ಟ್ರಕ್ಚರ್ ಅನ್ನು +20 ದಾಟಿಸಿದ ನನ್ನ ಚಿತ್ರಗಳನ್ನು ಈಗ ನೋಡಲಾಗುವುದಿಲ್ಲ.

ಡಾರ್ಕ್‌ಟೇಬಲ್ ತೆರೆದ ಮೊದಲ ಸಂಜೆ ಒಂದು ಹೂವಿಗೆ ನಲವತ್ತು ನಿಮಿಷ ಹಿಡಿಯಿತು. ಎಡಗಡೆ, ಬಲಗಡೆ ಎಲ್ಲೆಲ್ಲೂ ಗುಂಡಿ, ಪಟ್ಟಿ, ವಕ್ರರೇಖೆ. ಮೂರನೆಯ ವಾರದ ಹೊತ್ತಿಗೆ ಆರು ನಿಮಿಷಕ್ಕೆ ಇಳಿದಿತ್ತು. ನನಗೆ ಬೇಕಾದ ಗುಟ್ಟು ಸಿಕ್ಕಿದ್ದು ಅದರ ಕಲರ್ ಜೋನ್ಸ್ ಎಂಬಲ್ಲಿ. ಕೆಂಪಿನ ಹೊಳಪನ್ನಲ್ಲ, ಕೆಂಪಿನ ಗಾಢತೆಯನ್ನು ಸ್ವಲ್ಪ ತಗ್ಗಿಸಿದೆ. ಮುಚ್ಚಿಹೋಗಿದ್ದ ನರಗಳು ಒಂದೊಂದಾಗಿ ಮೇಲೆದ್ದವು. ಸಾಮಾನ್ಯ ತೆರೆಗಳು ಬಳಸುವ ಎಸ್‌ಆರ್‌ಜಿಬಿ ಬಣ್ಣವ್ಯಾಪ್ತಿ 1996ರಲ್ಲಿ ಆಗಿನ ತೆರೆಗಳಿಗೆ ತಕ್ಕಂತೆ ರೂಪುಗೊಂಡದ್ದು. ದಾಸವಾಳದಂಥ ಕಡುಗೆಂಪು ಅದರ ಬೇಲಿಯಾಚೆಗೆ ಹೋಗುತ್ತದೆ, ಹೋದದ್ದೆಲ್ಲ ಬೇಲಿಗಂಟಿ ಒಂದೇ ಬಣ್ಣವಾಗುತ್ತದೆ. ಕಡತದಲ್ಲಿ ಕೆಂಪು ಉಳಿದಿದ್ದರೂ ತೆರೆಯಲ್ಲಿ ಸತ್ತಂತೆ ಕಾಣುವುದು ಇದಕ್ಕೇ. ಮೂಲ ಕಡತವನ್ನು ಈ ತಂತ್ರಾಂಶ ಮುಟ್ಟುವುದಿಲ್ಲ, ಮಾಡಿದ ತಿದ್ದುಪಡಿಗಳನ್ನು ಪಕ್ಕದಲ್ಲೇ ಬೇರೆ ಕಡತದಲ್ಲಿ ಬರೆದಿಡುತ್ತದೆ. ಒಂದು ಹೂವಿಗೆ ಮಾಡಿದ್ದನ್ನು ಅದೇ ಬೆಳಗಿನ ಉಳಿದ ಮೂವತ್ತಕ್ಕೂ ಅಂಟಿಸಿಬಿಡಬಹುದು. ಒಣಗಿದ ಎಲೆಯೊಂದನ್ನು ಅಳಿಸುವುದಕ್ಕೆ ಗಿಂಪ್ ಎಂಬ ಇನ್ನೊಂದು ತಂತ್ರಾಂಶ ತೆರೆದದ್ದು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ.

ನಡುವೆ ಒಂದು ರಾತ್ರಿ ಎಲ್ಲ ನಂದಿಬಟ್ಟಲುಗಳನ್ನೂ ತಿದ್ದಿ, ಹಳದಿ ಛಾಯೆ ತೆಗೆದು, ಹೆಮ್ಮೆಯಿಂದ ಮಲಗಿದೆ. ಬೆಳಗ್ಗೆ ನೋಡಿದರೆ ಇಪ್ಪತ್ತೆರಡು ಹೂಗಳೂ ನೀಲಿ. ಕಣ್ಣಿಗೆ ತಂಪಾಗಲೆಂದು ಸಂಜೆಯಾದ ಕೂಡಲೇ ತೆರೆಯನ್ನು ಹಳದಿಯಾಗಿಸುವ ಸೌಲಭ್ಯವನ್ನು ನಾನೇ ಹಾಕಿಟ್ಟಿದ್ದೆ. ಆ ಹಳದಿಯನ್ನೇ ಹೂವಿನದೆಂದು ತಿಳಿದು ಒಂದೊಂದರಿಂದಲೂ ಕಳೆಯುತ್ತ ಕೂತಿದ್ದೆ.

ಆಮೇಲಿನಿಂದ ಒಂದು ಅಭ್ಯಾಸವಾಗಿದೆ. ಚಿತ್ರ ತೆಗೆದ ದಾಸವಾಳವನ್ನೇ ಲೋಟದ ನೀರಿನಲ್ಲಿಟ್ಟು, ಕಿಟಕಿಯ ಬೆಳಕು ಬೀಳುವಂತೆ ಕಂಪ್ಯೂಟರಿನ ಪಕ್ಕ ಇಟ್ಟುಕೊಳ್ಳುತ್ತೇನೆ. ಒಮ್ಮೆ ಹೂವನ್ನು, ಒಮ್ಮೆ ತೆರೆಯನ್ನು ನೋಡಿ ಕೆಂಪನ್ನು ಹೊಂದಿಸುತ್ತೇನೆ. ಸಂಜೆಗೆ ಹೂವು ಮುದುರಿಕೊಳ್ಳುವುದರಿಂದ ಕೆಲಸವೂ ಅಷ್ಟರೊಳಗೆ ಮುಗಿಯುತ್ತದೆ.

ಮ್ಯಾಕ್ರೊ ಲೆನ್ಸನ್ನು ಗೆಳೆಯನಿಗೆ ಹಿಂದಿರುಗಿಸಿದೆ. ನಂದಿಬಟ್ಟಲಿಗೆ ಮೊಬೈಲ್, ಸ್ನ್ಯಾಪ್‌ಸೀಡ್; ದಾಸವಾಳಕ್ಕೆ ಟ್ಯೂಬ್ ಹಾಕಿದ ಕ್ಯಾಮೆರಾ, ರಾ ಕಡತ, ಡಾರ್ಕ್‌ಟೇಬಲ್. ಶಂಖಪುಷ್ಪದ ಮುಂದೆ ಮಾತ್ರ ಎಲ್ಲರೂ ಸೋತರು. ಮೊಬೈಲಿನಲ್ಲಿ ಅದು ಶಾಯಿಯ ನೀಲಿ, ಕ್ಯಾಮೆರಾದಲ್ಲಿ ನೇರಳೆ. ಲೋಟದಲ್ಲಿದ್ದ ಹೂವು ಎರಡೂ ಅಲ್ಲ. ಪಟ್ಟಿಗಳನ್ನೆಲ್ಲ ಅತ್ತಿತ್ತ ಎಳೆದು, ಇಗೋ ಬಂತು ಎನ್ನುವಷ್ಟರಲ್ಲಿ ಮೋಡ ಸರಿದು ಕಿಟಕಿಗೆ ಬಿಸಿಲು ಬಂತು, ಲೋಟದ ಹೂವೇ ಬಣ್ಣ ಬದಲಿಸಿತು.