ಆತ್ಮರಕ್ಷಣೆಗೆ ಯಾವ ತೋಟಾ? ಒಂದೇ ಪಿಸ್ತೂಲಿಗೆ ಬೇರೆ ಬೇರೆ ಹಾಕಿ ನೋಡಿದ ಹೋಲಿಕೆ

ಆತ್ಮರಕ್ಷಣೆಗೆ ಯಾವ ತೋಟಾ ಒಳ್ಳೆಯದು ಅಂತ ಕೇಳಿದರೆ ಹೆಚ್ಚಿನವರು ಹೂವಿನ ಹಾಗೆ ಅರಳಿದ ಗುಂಡಿನ ಫೋಟೋ ಒಂದನ್ನು ತೋರಿಸುತ್ತಾರೆ. ನೋಡೋಕೆ ಚೆನ್ನಾಗೇ ಇರುತ್ತದೆ. ಆದರೆ ಅದು ಅರಳುವುದಕ್ಕೆ ಮೊದಲು ಮ್ಯಾಗಜೀನಿನಿಂದ ಮೇಲೆದ್ದು ಚೇಂಬರಿಗೆ, ಅಂದರೆ ಬ್ಯಾರಲಿನ ಹಿಂದಿನ ಗೂಡಿಗೆ ಹೋಗಬೇಕು, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಹೊತ್ತಿಕೊಳ್ಳಬೇಕು, ಖಾಲಿ ಕೇಸ್ ಹೊರಗೆ ಹಾರಬೇಕು, ಅದರ ಜಾಗಕ್ಕೆ ಮುಂದಿನದು ಬಂದು ಕೂರಬೇಕು. ಇದರಲ್ಲಿ ಒಂದು ತಪ್ಪಿದರೂ ಅರಳುವ ಮಾತೇ ಇಲ್ಲ. ಹಾಗಾಗಿ ನಾನು ಹೋಲಿಸಿದ್ದು ಈ ಕ್ರಮದಲ್ಲಿ: ನನ್ನ ಪಿಸ್ತೂಲಿನಲ್ಲಿ ತಡೆಯಿಲ್ಲದೆ ಓಡುತ್ತದಾ, ಗುರಿ ಇಟ್ಟಲ್ಲಿ ಬೀಳುತ್ತದಾ, ಆಮೇಲೆ ಅರಳುತ್ತದಾ.

ಪಿಸ್ತೂಲು ಚಿಕ್ಕ ಬ್ಯಾರಲಿನ 9 ಎಂಎಂ. ಜೊತೆಗೆ ಒಂದು ಪುಟ್ಟ .38 ಸ್ಪೆಷಲ್ ರಿವಾಲ್ವರ್. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಹಾಲೋ ಪಾಯಿಂಟ್ ಗುಂಡು, ಅಂದರೆ ಅರಳಲೆಂದೇ ಮೂತಿಯಲ್ಲಿ ತೂತಿರುವ ಗುಂಡು, ಎಲ್ಲ ದೇಶದಲ್ಲೂ ಸಾಮಾನ್ಯ ಜನರ ಕೈಗೆ ಸಿಗುತ್ತದೆ ಅಂತಿಲ್ಲ. 1899ರ ಹೇಗ್ ಘೋಷಣೆ ಅರಳುವ ಗುಂಡನ್ನು ಬೇಡ ಅಂದದ್ದು ಯುದ್ಧದಲ್ಲಿ. ಮನೆಯಲ್ಲಿ ಇಟ್ಟುಕೊಳ್ಳಬಹುದಾ ಅನ್ನುವುದನ್ನು ನಿಮ್ಮ ನಿಮ್ಮ ಕಡೆಯ ಕಾನೂನು ಹೇಳುತ್ತದೆ. ಲೈಸೆನ್ಸಿನ ಷರತ್ತು ಓದಿಕೊಂಡು ಆಮೇಲೆ ಮುಂದಕ್ಕೆ ಹೋಗಿ.

ಮೊದಲು ಫುಲ್ ಮೆಟಲ್ ಜಾಕೆಟ್, ಅಂದರೆ ಅಭ್ಯಾಸಕ್ಕೆ ಎಲ್ಲರೂ ಬಳಸುವ ದುಂಡು ಮೂತಿಯ ತೋಟಾ. ಓಡುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಮೂತಿ ನುಣುಪು, ಚೇಂಬರಿನ ದಾರಿಯಲ್ಲಿರುವ ಇಳಿಜಾರು, ಅಂದರೆ ಫೀಡ್ ರ‍್ಯಾಂಪಿನ ಮೇಲೆ ಜಾರಿಕೊಂಡು ಒಳಗೆ ಹೋಗುತ್ತದೆ. "ಮತ್ತೆ ಇದನ್ನೇ ಇಟ್ಟುಕೊಂಡರೆ ಆಯ್ತಲ್ವಾ?" ಅಂತ ಕೇಳುವವರಿದ್ದಾರೆ. ತೊಂದರೆ ಏನೆಂದರೆ ಇದು ಅರಳುವುದಿಲ್ಲ, ಹಾಗಾಗಿ ನಿಲ್ಲುವುದೂ ಇಲ್ಲ. ಪರೀಕ್ಷೆಗೆ ದೇಹದ ಮಾಂಸದ ಬದಲು ಬಳಸುವ ಜೆಲ್‌ನಲ್ಲಿ 9 ಎಂಎಂ ಜಾಕೆಟ್ ಗುಂಡು 60 ಸೆಂಟಿಮೀಟರ್ ದಾಟಿ ಹೋಗುತ್ತದೆ. ಎದುರಿಗಿದ್ದವನನ್ನು ದಾಟಿ ಅವನ ಹಿಂದಿನ ಗೋಡೆ, ಗೋಡೆಯ ಆಚೆ ಯಾರಿದ್ದಾರೋ ಅವರ ತನಕ. ನ್ಯೂಯಾರ್ಕ್ ಪೊಲೀಸರು 1998ರಲ್ಲಿ ಜಾಕೆಟ್ ಗುಂಡು ಬಿಟ್ಟು ಹಾಲೋ ಪಾಯಿಂಟಿಗೆ ಬಂದದ್ದಕ್ಕೆ ಇದೂ ಒಂದು ಕಾರಣ. ಅಭ್ಯಾಸಕ್ಕೆ ಇರಲಿ, ರಾತ್ರಿ ಮ್ಯಾಗಜೀನಿನಲ್ಲಿ ಬೇಡ.

ಹಾಗಂತ ಬೇಗ ನಿಲ್ಲುವ ಗುಂಡೇ ಒಳ್ಳೆಯದು ಅಂತಲೂ ಅಲ್ಲ. 1986ರ ಏಪ್ರಿಲ್‌ನಲ್ಲಿ ಅಮೆರಿಕದ ಮಯಾಮಿಯಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನವರಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ನಡೆಯಿತು. 115 ಗ್ರೇನಿನ (ಗುಂಡಿನ ತೂಕದ ಅಳತೆ) ಒಂದು 9 ಎಂಎಂ ಹಾಲೋ ಪಾಯಿಂಟ್ ಒಬ್ಬ ದರೋಡೆಕೋರನ ತೋಳು ತೂರಿ ಎದೆಗೆ ನುಗ್ಗಿ, ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತು. ಅವನು ಅಷ್ಟಾದ ಮೇಲೂ ಗುಂಡು ಹಾರಿಸುತ್ತಲೇ ಇದ್ದ. ಇಬ್ಬರು ಏಜೆಂಟರು ಸತ್ತರು, ಐವರಿಗೆ ಗಾಯವಾಯಿತು. ಇವತ್ತು ಎಲ್ಲರೂ ಹೇಳುವ ಗುಂಡು ಜೆಲ್ಲಿನೊಳಗೆ 12ರಿಂದ 18 ಇಂಚು ಆಳ ಹೋಗಬೇಕು ಅನ್ನುವ ಅಳತೆ, ಸುಮಾರು 30ರಿಂದ 45 ಸೆಂಟಿಮೀಟರ್, ಬಂದದ್ದು ಆ ಘಟನೆಯ ನಂತರ ಎಫ್‌ಬಿಐ ರೂಪಿಸಿದ ಪರೀಕ್ಷೆಗಳಿಂದ. ಬರೀ ಜೆಲ್ ಅಲ್ಲ, ದಪ್ಪ ಬಟ್ಟೆ, ಪ್ಲೈವುಡ್, ತಗಡು, ಕಾರಿನ ಗಾಜು ಎಲ್ಲ ದಾಟಿಸಿ ನೋಡುತ್ತಾರೆ. ಆಮೇಲೆ ಅವರು ದೊಡ್ಡ ಕ್ಯಾಲಿಬರಿಗೆ ಹೋದರು, ಆದರೆ 9 ಎಂಎಂ ಗುಂಡುಗಳು ಎಷ್ಟು ಸುಧಾರಿಸಿದವೆಂದರೆ 2014ರಲ್ಲಿ ಎಫ್‌ಬಿಐ ತರಬೇತಿ ವಿಭಾಗವೇ 9 ಎಂಎಂಗೆ ಮರಳುವುದು ಸರಿ ಅಂತ ಬರೆಯಿತು. ಯಾವ ಕ್ಯಾಲಿಬರ್ ಅನ್ನುವ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ, ಅದು ಮುಗಿಯುವ ಜಗಳ ಅಲ್ಲ.

ಇನ್ನು ತೂಕ. 9 ಎಂಎಂನಲ್ಲಿ ಮುಖ್ಯವಾಗಿ 115, 124, 147 ಗ್ರೇನ್, ಅಂದರೆ ಸುಮಾರು ಏಳೂವರೆ, ಎಂಟು, ಒಂಬತ್ತೂವರೆ ಗ್ರಾಂ. 115 ವೇಗವಾಗಿ ಹೋಗುತ್ತದೆ, ಒದೆತ ಚುರುಕು. 147 ಶಬ್ದದ ವೇಗಕ್ಕಿಂತ ಕೆಳಗೆ, ಸೆಕೆಂಡಿಗೆ ಸುಮಾರು 1000 ಅಡಿ. ಅದರ ಒದೆತ ನನಗೆ ತಳ್ಳಿದ ಹಾಗೆ ಅನಿಸಿತು, ಎರಡನೇ ಗುಂಡಿಗೆ ಗುರಿ ಬೇಗ ಸಿಕ್ಕಿತು. ಆದರೆ ನನ್ನ ಪಿಸ್ತೂಲಿನಲ್ಲಿ ಗುರಿಗಿಂತ ಸ್ವಲ್ಪ ಮೇಲೆ ಬಿತ್ತು. ಗುರಿ ನೋಡುವ ಸೈಟನ್ನು ಹೊಂದಿಸಲಾಗದ ಪಿಸ್ತೂಲಿನಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 124 ನೇರ ಗುರಿಗೇ ಬಿತ್ತು, ಕೈಗೂ ಹೊಂದಿಕೊಂಡಿತು.

ಹೆಸರಿಟ್ಟು ಹೇಳುವುದಾದರೆ, ಫೆಡರಲ್ ಎಚ್‌ಎಸ್‌ಟಿ, ಸ್ಪೀರ್ ಗೋಲ್ಡ್ ಡಾಟ್, ಹಾರ್ನಡಿ ಕ್ರಿಟಿಕಲ್ ಡಿಫೆನ್ಸ್ ಮೂರೂ ನನ್ನಲ್ಲಿ ತಡೆಯಿಲ್ಲದೆ ಓಡಿದವು. ಓಡುವುದರಲ್ಲಿ ಮೂರೂ ಸಮ ಅಂದಮೇಲೆ ಉಳಿದ ಗುಣ ನೋಡೋಣ. ಎಚ್‌ಎಸ್‌ಟಿಯ ಬಾಯಿ ಅಗಲ, ಅರಳುವುದೂ ಅಗಲ. ಗೋಲ್ಡ್ ಡಾಟ್‌ನಲ್ಲಿ ತಾಮ್ರದ ಜಾಕೆಟ್ಟನ್ನು ಸೀಸದ ಮೇಲೆ ಲೇಪನದ ಹಾಗೆ ಕೂರಿಸಿರುತ್ತಾರೆ, ಗಾಜು, ತಗಡು ದಾಟಿದರೂ ಎರಡೂ ಬೇರೆಯಾಗುವುದು ಅಪರೂಪ. ಪೊಲೀಸರಿಗೆ ಇದು ದೊಡ್ಡ ವಿಷಯ. ಮನೆಯೊಳಗಿನ ರಕ್ಷಣೆಗೆ ಇಟ್ಟುಕೊಳ್ಳುವವರಿಗೆ ಕಾರಿನ ಗಾಜಿನ ಚಿಂತೆ ಅಷ್ಟು ಇರುವುದಿಲ್ಲ ಅಲ್ವಾ? ಕ್ರಿಟಿಕಲ್ ಡಿಫೆನ್ಸ್‌ನ ತೂತಿನಲ್ಲಿ ಕೆಂಪು ರಬ್ಬರಿನಂಥ ತುದಿ ಇರುತ್ತದೆ. ಬಟ್ಟೆಯ ಎಳೆ ತೂತಿಗೆ ತುಂಬಿಕೊಂಡು ಅರಳದೆ ಹೋಗುವುದನ್ನು ಅದು ತಡೆಯುತ್ತದೆ, ಮೂತಿ ನುಣುಪಾಗಿರುವುದರಿಂದ ಚೇಂಬರಿಗೂ ಸಲೀಸಾಗಿ ಹೋಗುತ್ತದೆ. ಹಠಮಾರಿ ಪಿಸ್ತೂಲಿಗೆ ನಾನು ಮೊದಲು ಇದನ್ನೇ ಹಾಕಿ ನೋಡಿ ಅನ್ನುತ್ತೇನೆ.

ನಾಲ್ಕು ಪದರ ಡೆನಿಮ್ ಹೊದಿಸಿ ಪಾರದರ್ಶಕ ಜೆಲ್‌ಗೂ ಹೊಡೆದು ನೋಡಿದೆ. ಎಚ್‌ಎಸ್‌ಟಿ ಎಲ್ಲಕ್ಕಿಂತ ಅಗಲ, ಗೋಲ್ಡ್ ಡಾಟ್ ಸ್ವಲ್ಪ ಕಡಿಮೆ ಅಗಲ ಆದರೆ ಒಂದಕ್ಕೊಂದು ಹೆಚ್ಚು ವ್ಯತ್ಯಾಸವಿಲ್ಲದೆ, ಕ್ರಿಟಿಕಲ್ ಡಿಫೆನ್ಸ್ ಪ್ರತಿಸಲ ಅರಳಿತು ಆದರೆ ಉಳಿದೆರಡಕ್ಕಿಂತ ಮೊದಲೇ ನಿಂತಿತು. ಸೆಂಟಿಮೀಟರ್ ಲೆಕ್ಕ ಬೇಕಂತಲೇ ಕೊಡುತ್ತಿಲ್ಲ. ಈ ಪಾರದರ್ಶಕ ಜೆಲ್ ಬೇರೆ, ಎಫ್‌ಬಿಐ ಬಳಸುವ ಶೇ 10ರ ಜೆಲಟಿನ್ ಬೇರೆ. ಆ ಜೆಲಟಿನ್ನನ್ನು 4 ಡಿಗ್ರಿಯಲ್ಲಿಟ್ಟು, ಸ್ಟೀಲ್ ಛರ್ರೆಯೊಂದನ್ನು ಹೊಡೆದು ಎಷ್ಟು ಆಳ ಹೋಯಿತೆಂದು ನೋಡಿ, ಸರಿಯಿದ್ದರೆ ಮಾತ್ರ ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ. ಪಾರದರ್ಶಕ ಜೆಲ್ ಒಂದಕ್ಕಿಂತ ಇನ್ನೊಂದು ಹೇಗೆ ಅಂತ ನೋಡೋಕೆ ಸಾಕು, 12 ಇಂಚು ದಾಟಿತಾ ಅಂತ ತೀರ್ಪು ಕೊಡೋಕೆ ಸಾಲದು. ವಿಡಿಯೋ ನೋಡುವಾಗಲೂ ಯಾವ ಜೆಲ್ ಅಂತ ಮೊದಲು ಗಮನಿಸಿ.

ಈಗ ಕೈಕೊಟ್ಟದ್ದರ ಕಥೆ. ಕಂಪನಿಯ ಹೆಸರು ಬೇಡ, ಅಗಲ ಬಾಯಿಯ, ಮೂತಿ ಚಪ್ಪಟೆ ಇರುವ ಒಂದು ಹಾಲೋ ಪಾಯಿಂಟ್. ಮ್ಯಾಗಜೀನಿನ ಮೊದಲ ತೋಟಾ ಸರಿ, ನಡುವಿನವು ಸರಿ, ಕೊನೆಯದರ ಹತ್ತಿರ ಬಂದಾಗ ಮೂತಿ ಕೆಳಗೆ ಬಾಗಿ ರ‍್ಯಾಂಪಿಗೆ ಗುದ್ದಿ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಅರ್ಧಕ್ಕೇ ನಿಲ್ಲುತ್ತಿತ್ತು. ಮ್ಯಾಗಜೀನ್ ಬದಲಿಸಿ ನೋಡಿದೆ, ಹಿಡಿತ ಬಿಗಿ ಮಾಡಿ ನೋಡಿದೆ, ಪಿಸ್ತೂಲು ತೊಳೆದು ಎಣ್ಣೆ ಹಾಕಿ ನೋಡಿದೆ. ಅದೇ ಕಥೆ. ತಮಾಷೆ ಅಂದರೆ ಸ್ನೇಹಿತರ ದೊಡ್ಡ ಪಿಸ್ತೂಲಿನಲ್ಲಿ ಅದೇ ಡಬ್ಬದ ತೋಟಾ ಒಂದೂ ಸಿಕ್ಕಿಹಾಕಿಕೊಳ್ಳಲಿಲ್ಲ. ಯಾರೋ "ಇದು ಅತ್ಯುತ್ತಮ" ಅಂದರೆ ಅದು ಅವರ ಪಿಸ್ತೂಲಿನ ಮಾತು. ನಿಮ್ಮದು ಒಪ್ಪುತ್ತದಾ ಅನ್ನುವುದು ಬೇರೆ ಪ್ರಶ್ನೆ.

ಪ್ಲಸ್ ಪಿ, ಅಂದರೆ ಹೆಚ್ಚು ಒತ್ತಡದ ತೋಟಾ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಾಮಾನ್ಯ 9 ಎಂಎಂನ ಗರಿಷ್ಠ ಒತ್ತಡ 35,000 ಪಿಎಸ್‌ಐ, ಪ್ಲಸ್ ಪಿದು 38,500. ಗೋಲ್ಡ್ ಡಾಟ್ 124ರ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಹೊಡೆದೆ. ಪ್ಲಸ್ ಪಿಯಲ್ಲಿ ಒದೆತ ಜಾಸ್ತಿ, ಎರಡನೇ ಗುಂಡು ತಡ. ಸಿಕ್ಕ ಲಾಭ ಆ ಕಷ್ಟಕ್ಕೆ ತಕ್ಕದ್ದು ಅಂತ ನನಗೆ ಅನಿಸಲಿಲ್ಲ. ಪಿಸ್ತೂಲಿನ ಕೈಪಿಡಿ ಪ್ಲಸ್ ಪಿ ಬೇಡ ಅಂದಿದ್ದರೆ ಪ್ರಶ್ನೆಯೇ ಇಲ್ಲ.

ರಿವಾಲ್ವರಿನ ಲೆಕ್ಕವೇ ಬೇರೆ. ಇಲ್ಲಿ ಫೀಡ್ ಆಗುವ ತಾಪತ್ರಯ ಇಲ್ಲ, ಆದರೆ ಎರಡು ಇಂಚಿನ ಬ್ಯಾರಲಿನಿಂದ ಹೊರಡುವ .38 ಗುಂಡಿಗೆ ವೇಗ ಕಡಿಮೆ, ಬಹಳ ಹಾಲೋ ಪಾಯಿಂಟ್‌ಗಳು ಬಟ್ಟೆ ದಾಟಿದ ಮೇಲೆ ಅರಳುವುದೇ ಇಲ್ಲ. ಗೋಲ್ಡ್ ಡಾಟ್‌ನ 135 ಗ್ರೇನ್ ಶಾರ್ಟ್ ಬ್ಯಾರಲ್ ತೋಟಾ ಇದಕ್ಕೆಂದೇ ಮಾಡಿದ್ದು, ಚೆನ್ನಾಗಿದೆ, ಆದರೆ ಹಗುರ ರಿವಾಲ್ವರಿನಲ್ಲಿ ಅಂಗೈ ಉರಿಯುತ್ತದೆ. ಅದರ ಎದುರು 148 ಗ್ರೇನ್ ವಾಡ್‌ಕಟರ್ ಇಟ್ಟೆ, ಗುರಿ ಸ್ಪರ್ಧೆಗೆ ಬಳಸುವ, ಮೂತಿ ಪೂರ್ತಿ ಚಪ್ಪಟೆಯ ಹಳೇ ಕಾಲದ ತೋಟಾ. ಅರಳುವ ಭರವಸೆಯನ್ನೇ ಕೊಡುವುದಿಲ್ಲ, ಆದರೆ ಆಳ ಸಾಕಷ್ಟು ಹೋಗುತ್ತದೆ, ಒದೆತ ತೀರಾ ಕಡಿಮೆ, ಐದೂ ಒಂದೇ ಕಡೆ ಬೀಳುತ್ತವೆ. ನನಗೆ ವಾಡ್‌ಕಟರೇ ಇಷ್ಟ. ಒಂದೇ ಕೊರತೆ, ಚಪ್ಪಟೆ ಮೂತಿಯನ್ನು ಅವಸರದಲ್ಲಿ ಸಿಲಿಂಡರಿನ ತೂತಿಗೆ ಸೇರಿಸುವುದು ಕಿರಿಕಿರಿ. ಹಗುರ ರಿವಾಲ್ವರ್ ಇರುವವರು ಇನ್ನೊಂದು ನೋಡಬೇಕು. ಒದೆತಕ್ಕೆ ಉಳಿದ ತೋಟಾಗಳ ಗುಂಡು ಕೇಸಿನಿಂದ ಮುಂದಕ್ಕೆ ಜರುಗಿ ಸಿಲಿಂಡರನ್ನೇ ಸಿಕ್ಕಿಸಬಹುದು. ಕೊನೆಯದೊಂದನ್ನು ಬಿಟ್ಟು ಎಲ್ಲ ಹಾರಿಸಿ, ಆ ಒಂದನ್ನು ತೆಗೆದು ಹೊಸದರ ಪಕ್ಕ ಹಿಡಿದರೆ ಗೊತ್ತಾಗುತ್ತದೆ.

.22 ಬಗ್ಗೆ ಕೇಳುತ್ತಾರೆ. ಅದರಲ್ಲಿ ಪ್ರೈಮರ್ ಮದ್ದು ಕೇಸಿನ ಅಂಚಿನೊಳಗೆ ಇರುತ್ತದೆ, ಎಲ್ಲ ಕಡೆ ಒಂದೇ ಸಮ ಹರಡಿರದಿದ್ದರೆ ಟ್ರಿಗರ್ ಒತ್ತಿದರೂ ಹಾರುವುದಿಲ್ಲ. ಬೇರೆ ದಾರಿ ಇದ್ದರೆ ನಾನು ಅದಕ್ಕೆ ಹೋಗುವುದಿಲ್ಲ.

ಒಪ್ಪಿಕೊಳ್ಳುವ ಮೊದಲು ಎಷ್ಟು ಹಾರಿಸಬೇಕು? 200 ಅನ್ನುವುದು ಹಳೇ ರೂಢಿ. ಆತ್ಮರಕ್ಷಣೆಯ ತೋಟಾ ದುಬಾರಿ, ಎಲ್ಲರಿಗೂ ಆಗುವುದಿಲ್ಲ. ಹಾಗಾಗಿ ಅದೇ ತೂಕದ ಜಾಕೆಟ್ ತೋಟಾದಲ್ಲಿ ಪಿಸ್ತೂಲು ಸರಿಯಿದೆ ಅಂತ ಮೊದಲು ಖಾತ್ರಿ ಮಾಡಿಕೊಂಡು, ಆಮೇಲೆ ನೀವು ಬಳಸುವ ಪ್ರತಿ ಮ್ಯಾಗಜೀನನ್ನೂ ಪೂರ್ತಿ ತುಂಬಿಸಿ ಹಾರಿಸಿ. ಸುಮ್ನೆ ಎರಡೆರಡು ಹಾಕಿ ನೋಡಿದರೆ ಪ್ರಯೋಜನವಿಲ್ಲ, ತುಂಬಿದಾಗ ಮತ್ತು ಖಾಲಿಯಾಗುತ್ತಾ ಬಂದಾಗ ಸ್ಪ್ರಿಂಗಿನ ಒತ್ತಡ ಬೇರೆ ಬೇರೆ. ಒಂದೇ ಕೈಯಲ್ಲಿ, ಎಡಗೈಯಲ್ಲೂ ಹೊಡೆಯಿರಿ. ಹಿಡಿತ ಸಡಿಲವಾದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದ ಪಿಸ್ತೂಲುಗಳಿವೆ, ಗಾಯವಾದ ಕೈಯಲ್ಲಿ ಬಿಗಿ ಹಿಡಿತ ಎಲ್ಲಿಂದ ಬರಬೇಕು?

ಆಯ್ಕೆ ಆದ ಮೇಲೂ ಕೆಲಸ ಇದೆ. ಚೇಂಬರಿಗೆ ಹಾಕಿ ತೆಗೆದು ಮತ್ತೆ ಅದೇ ತೋಟಾವನ್ನು ಹಾಕುತ್ತಾ ಹೋದರೆ ಗುಂಡು ಸ್ವಲ್ಪ ಸ್ವಲ್ಪವೇ ಕೇಸಿನ ಒಳಕ್ಕೆ ಕುಸಿಯುತ್ತದೆ. ಒಳಗಿನ ಜಾಗ ಕಡಿಮೆಯಾದಷ್ಟೂ ಒತ್ತಡ ಏರುತ್ತದೆ, ಪಿಸ್ತೂಲೇ ಒಡೆಯುವ ಮಟ್ಟಕ್ಕೂ ಹೋಗಬಹುದು. ಹೊಸ ತೋಟಾದ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡವಾಗಿ ಕಂಡರೆ ಅದನ್ನು ಹಾರಿಸಬೇಡಿ, ಬೇರೆ ಇಡಿ. ಡಬ್ಬದಿಂದ ತೆಗೆಯುವಾಗ ಒಂದೊಂದರ ಪ್ರೈಮರನ್ನೂ ನೋಡಿ, ಉಬ್ಬಿರಬಾರದು, ತಲೆಕೆಳಗಾಗಿ ಕೂತಿರಬಾರದು. ತೋಟಾಗೆ ಎಣ್ಣೆ ತಾಗಿಸಬೇಡಿ, ಪ್ರೈಮರಿನೊಳಗೆ ಇಳಿದರೆ ಹೊತ್ತಿಕೊಳ್ಳುವುದೇ ಅನುಮಾನ.

ಸದ್ಯ ನನ್ನ ಪಿಸ್ತೂಲಿನಲ್ಲಿ ಎಚ್‌ಎಸ್‌ಟಿ 124, ಪ್ಲಸ್ ಪಿ ಅಲ್ಲದ್ದು. ರಿವಾಲ್ವರಿನಲ್ಲಿ ವಾಡ್‌ಕಟರ್. ಗೋಲ್ಡ್ ಡಾಟ್ ಮಾತ್ರ ಸಿಕ್ಕಿದರೆ ಅದಕ್ಕೆ ಬದಲಾಯಿಸೋಕೂ ನನಗೆ ಹಿಂಜರಿಕೆ ಇಲ್ಲ. ಹೊಸ ಡಬ್ಬ ತಂದಾಗ ಲಾಟ್ ನಂಬರ್ (ತಯಾರಾದ ಕಂತಿನ ಸಂಖ್ಯೆ) ಬೇರೆ ಇದ್ದರೆ ಒಂದು ಮ್ಯಾಗಜೀನಿನಷ್ಟು ಹಾರಿಸಿ ನೋಡಿ, ಉಳಿದದ್ದನ್ನು ಆಮೇಲೆ ತುಂಬಿಸುತ್ತೇನೆ.