ಚಿಕ್ಕಮಗಳೂರಿನ ಪಲ್ಪರ್ ರಿಪೇರಿ ಲೇತ್‌ನಲ್ಲಿ ಬೋಟ್ ಪ್ರಾಪ್ ಕೆಲಸ: ನನ್ನ ಅನುಭವ

ಹಾಸನ ಚಿಕ್ಕಮಗಳೂರು ಕಡೆ ಆರ್‌ಸಿ, ಅಂದ್ರೆ ರಿಮೋಟ್ ಕಂಟ್ರೋಲ್ ರೇಸಿಂಗ್ ಬೋಟ್ ಓಡಿಸೋರು ಬೆರಳೆಣಿಕೆಯಷ್ಟು ಜನ ಇದ್ದೀವಿ, ಪ್ರಾಪ್ (ಬೋಟನ್ನ ತಳ್ಳೋ ಪ್ರೊಪೆಲ್ಲರ್) ಸರಿ ಮಾಡಿಸೋಕೆ ಎಲ್ರೂ ಬೆಂಗಳೂರಿಗೆ ಕೊರಿಯರ್ ಮಾಡ್ತಾರೆ ಇಲ್ಲಾ ಹೊಸದೇ ತರಿಸ್ತಾರೆ. ಅದರ ಅವಶ್ಯಕತೆ ಇಲ್ಲ. ಚಿಕ್ಕಮಗಳೂರಲ್ಲಿ ಕೆ.ಎಂ. ರಸ್ತೆ ಕಡೆ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ) ರಿಪೇರಿ ಮಾಡೋ ಒಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ, ಅಲ್ಲಿ ಪ್ರಾಪ್ ಪಿಚ್ (ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕು ಅನ್ನೋ ಅಳತೆ) ಅಳೆದು ಎರಡೂ ಬ್ಲೇಡ್ ಸಮ ಮಾಡಿ ಬ್ಯಾಲೆನ್ಸ್ ಮಾಡಿ ಕೊಡ್ತಾರೆ. ವರ್ಕ್‌ಶಾಪ್ ನಡೆಸೋ ಅಣ್ಣ ಹೆಸರು ಹಾಕೋದು ಬೇಡ ಅಂದ್ರು, ಪಲ್ಪರ್ ಕೆಲಸಾನೇ ಕೈತುಂಬ ಇದೆಯಂತೆ, ಬೇಕಾದವರು ಮೆಸೇಜ್ ಮಾಡಿ ದಾರಿ ಹೇಳ್ತೀನಿ.

ನಾನು ಕೊಟ್ಟಿದ್ದು ಆಕ್ಟುರಾ ಕಂಪನಿಯ ಎಕ್ಸ್440 ಪ್ರಾಪ್. ಗೊತ್ತಿಲ್ಲದವರಿಗೆ, ಇದರಲ್ಲಿ ಮೊದಲನೇ 4 ಅಂದ್ರೆ ಪಿಚ್ ವ್ಯಾಸದ 1.4 ಪಟ್ಟು ಅಂತ, ಆಮೇಲಿನ 40 ಅಂದ್ರೆ ವ್ಯಾಸ 40 ಮಿಮೀ. ಹಂಗಾಗಿ ಪಿಚ್ 56 ಮಿಮೀ, ಒಂದು ಸುತ್ತಿಗೆ ಪ್ರಾಪ್ ಲೆಕ್ಕಕ್ಕೆ ಅಷ್ಟು ಮುಂದೆ ಹೋಗಬೇಕು. ನಿಮಿಷಕ್ಕೆ 25,000 ಸುತ್ತು ಅಂದ್ರೆ ಗಂಟೆಗೆ 84 ಕಿಮೀ ಆಯ್ತು, ನೀರಲ್ಲಿ ಸ್ಲಿಪ್ (ಪ್ರಾಪ್ ಸ್ವಲ್ಪ ಜಾರೋದು) ಇರೋದ್ರಿಂದ ಅಷ್ಟು ಸಿಗಲ್ಲ ಬಿಡಿ. ಇದು ಎರಕದ ಬೆರಿಲಿಯಂ ಕಾಪರ್ (ಬೆರಿಲಿಯಂ ಬೆರೆಸಿದ ತಾಮ್ರ) ಪ್ರಾಪ್, ರಾ ಆಗಿ ತಗೊಂಡ್ರೆ ಅಂಚು ಮೊಂಡಾಗೇ ಬರತ್ತೆ, ಶಾರ್ಪ್ ಮಾಡಿ ಬ್ಯಾಲೆನ್ಸ್ ಮಾಡ್ಕೊಂಡೇ ಓಡಿಸಬೇಕು. ನಂದು ತೋಟದ ಕೆರೆಯಲ್ಲಿ ಅಂತರಗಂಗೆ ಮಧ್ಯೆ ಯಾವುದೋ ಕೊರಡಿಗೆ ತಾಗಿತ್ತು, ಕಣ್ಣಿಗೆ ಏನೂ ಕಾಣ್ತಿರಲಿಲ್ಲ, ಆದ್ರೆ ಫುಲ್ ಥ್ರಾಟಲ್ ಕೊಟ್ರೆ ಸ್ಟ್ರಟ್ (ಹಿಂದೆ ಪ್ರಾಪ್ ಶಾಫ್ಟ್ ಹಿಡಿದಿರೋ ಆಧಾರ) ಕಡೆಯಿಂದ ಕರ್‌ರ್ ಅನ್ನೋ ಸದ್ದು.

ಇಲ್ಲಿ ನಂಗೆ ತುಂಬ ಹಿಡಿಸಿದ್ದು ಅಂದ್ರೆ ಅಣ್ಣ ಇಕ್ಕಳ ಮುಟ್ಟೋಕೆ ಮುಂಚೆ ಅಳತೆ ತಗೊಂಡ್ರು. ನನ್ನ ಶಾಫ್ಟ್ ಸೈಜ್ 4.76 ಮಿಮೀಗೆ ಒಂದು ಮ್ಯಾಂಡ್ರೆಲ್ (ಪ್ರಾಪ್ ಕೂರಿಸೋ ಕಂಬಿ) ಲೇತಲ್ಲಿ ಕಡೆದು, ಪ್ರಾಪ್ ಹಾಕಿ ಲೇತಿನ ಚಕ್‌ಗೆ (ಹಿಡಿದು ತಿರುಗಿಸೋ ಭಾಗ) ಕಟ್ಟಿ, ಡಯಲ್ ಗೇಜ್ (ಚೂರು ಸರಿದ್ರೂ ತೋರಿಸೋ ಅಳತೆ ಮೀಟರ್) ಮುಳ್ಳನ್ನ ಬ್ಲೇಡಿನ ನಡುಭಾಗದ ಮೇಲೆ ಕೂರಿಸಿ, ಚಕ್ಕನ್ನ ಸರಿಯಾಗಿ 20 ಡಿಗ್ರಿ ತಿರುಗಿಸಿ ಮುಳ್ಳು ಎಷ್ಟು ಸರೀತು ಅಂತ ನೋಡಿದ್ರು. 20 ಡಿಗ್ರಿ ಅಂದ್ರೆ ಸುತ್ತಿನ 18ನೇ ಒಂದು ಭಾಗ, ಹಂಗಾಗಿ 18ರಿಂದ ಗುಣಿಸಿದ್ರೆ ಪಿಚ್ ಸಿಕ್ಕತ್ತೆ. ಒಂದು ಬ್ಲೇಡ್ 3.11 ಮಿಮೀ ತೋರಿಸ್ತು, ಅಂದ್ರೆ 56, ಪಕ್ಕಾ. ಇನ್ನೊಂದು 3.30, ಅಂದ್ರೆ 59ರ ಮೇಲೆ. ಒಂದೇ ಪ್ರಾಪ್‌ನಲ್ಲಿ ಎರಡು ಬ್ಲೇಡ್ ಬೇರೆ ಬೇರೆ ಪಿಚ್, ಒಂದು ಜಾಸ್ತಿ ತಳ್ಳತ್ತೆ ಇನ್ನೊಂದು ಕಮ್ಮಿ, ಸದ್ದು ಬರದೆ ಇನ್ನೇನು ಮಾಡತ್ತೆ. ಹಿಂಭಾಗದ ಅಂಚಿನ ಹತ್ರ ಅಳೀಬೇಡಿ ಅಂತ ಮಾತ್ರ ನಾನು ಹೇಳ್ದೆ, ಅಲ್ಲಿ ಕಪ್ (ಅಂಚಿನ ಸಣ್ಣ ಬಾಗು) ಇದ್ರೆ ರೀಡಿಂಗ್ ಜಾಸ್ತಿ ಬರತ್ತೆ.

ಇಷ್ಟು ಸೂಕ್ಷ್ಮ ಹೆಂಗೆ ಅಣ್ಣ ಅಂತ ಕೇಳ್ದಾಗ, "ಪಲ್ಪರ್ ಡ್ರಮ್ ಗ್ಯಾಪ್ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಬೀಜ ಕಟ್ ಆಗತ್ತೆ, ತೋಟದೋರು ಸುಮ್ನೆ ಬಿಡ್ತಾರಾ" ಅಂದ್ರು. ಡ್ರಮ್ಮಿಗೆ ತಾಮ್ರದ ಶೀಟ್ ಬಡಿದು ಕೂರಿಸೋ ಕೈ ಅದು, ಈ ಲೋಹದ ಹದ ಅವರಿಗೆ ಗೊತ್ತಿದೆ. ಬಾಗಿದ ಬ್ಲೇಡನ್ನ ಮರದ ತುಂಡಿನ ಮೇಲಿಟ್ಟು ಒಂದು ಸಲಕ್ಕೆ ಚೂರೇ ಚೂರು ಒತ್ತಿ, ಮತ್ತೆ ಗೇಜಿಗೆ ಹಾಕಿ, ಮತ್ತೆ ಒತ್ತಿ, ಹಿಂಗೆ 3.11ಕ್ಕೆ ತಂದ್ರು. ಬ್ಯಾಲೆನ್ಸ್‌ಗೆ ಭಾರ ಇರೋ ಬ್ಲೇಡಿನ ಬೆನ್ನಿನ ಕಡೆ ಮಾತ್ರ ತೆಗೆದ್ರು, ನೀರು ತಳ್ಳೋ ಮುಖ ಮುಟ್ಟಲಿಲ್ಲ. ಅದು ಸರಿ, ಆ ಮುಖ ಕೆರೆದ್ರೆ ಅಳೆದ ಪಿಚ್ ಎಲ್ಲಾ ಹೋಯ್ತು.

ಈಗ ಬೇಜಾರಿನ ವಿಷಯ. ಕೆಲಸದ ಹುಡುಗ ಪ್ರಾಪ್ ತಗೊಂಡು ಸೀದಾ ಬೆಂಚ್ ಗ್ರೈಂಡರ್ ಕಡೆ ನಡೆದುಬಿಟ್ಟ, ನಾನು ಓಡಿಹೋಗಿ ನಿಲ್ಲಿಸ್ದೆ. ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ಹೋದ್ರೆ ವಾಸಿ ಆಗದ ಕಾಯಿಲೆ ಬರಬಹುದು, ಮುಖಕ್ಕೆ ಬಟ್ಟೆ ಕಟ್ಕೊಂಡ್ರೆ ಏನೂ ಪ್ರಯೋಜನ ಇಲ್ಲ. ನೀರಲ್ಲಿ ಅದ್ದಿ ವಾಟರ್ ಪೇಪರ್‌ನಲ್ಲೇ (ನೀರಲ್ಲಿ ಬಳಸೋ ಮರಳು ಕಾಗದ) ಉಜ್ಜಬೇಕು, ಆ ಕೆಸರನ್ನ ಒಣಗೋಕೆ ಬಿಡದೆ ಒರೆಸಿ ತೆಗೀಬೇಕು. ಹೇಳಿದ ಮೇಲೆ ಅಣ್ಣ ಒಪ್ಪಿ ಬಕೆಟ್ ನೀರು ತರಿಸಿದ್ರು, ಆದ್ರೂ ನೀವು ಹೋದ್ರೆ ಮೊದಲೇ ಬಾಯಿಬಿಟ್ಟು ಹೇಳಿ, ದಯವಿಟ್ಟು, ಆ ಹುಡುಗನಿಗೆ ಹದಿನೆಂಟೋ ಹತ್ತೊಂಬತ್ತೋ ಇರಬೇಕು ಅಷ್ಟೇ. ಅಲ್ಯೂಮಿನಿಯಂ ಪ್ರಾಪ್ ಆದ್ರೆ ಈ ತಲೆನೋವಿಲ್ಲ.

ಪಾಲಿಶ್ ಅಷ್ಟಕ್ಕಷ್ಟೇ, ಗೀರು ಉಳಿದಿತ್ತು, ಮನೇಲಿ 1000 ಪೇಪರ್ ನೀರಿಗೆ ಹಾಕಿ ನಾನೇ ಮುಗಿಸ್ಕೊಂಡೆ. ಕಪ್ ಹಾಕೋದು ಅವರಿಗೆ ಬರಲ್ಲ, ಅದನ್ನ ಅಲ್ಲಿ ಕೇಳಬೇಡಿ, ಕಪ್ ಜಾಸ್ತಿ ಆದ್ರೆ ಆಂಪ್ಸ್ (ಕರೆಂಟ್) ಏರಿ ಇಎಸ್‌ಸಿ (ಮೋಟಾರ್ ವೇಗ ಕಂಟ್ರೋಲ್ ಮಾಡೋ ಸರ್ಕ್ಯೂಟ್) ಸುಟ್ಟೋಗತ್ತೆ. ತಗೊಂಡಿದ್ದು 400 ರೂಪಾಯಿ, ಮ್ಯಾಂಡ್ರೆಲ್ ಸೇರಿ. ಕೆಲಸ ನೋಡಿದ್ರೆ ಕಮ್ಮೀನೇ.

ಓಡಿಸಿ ನೋಡಿದಾಗ ಟಾಪ್ ಸ್ಪೀಡ್ ಹೇಳಿಕೊಳ್ಳೋವಷ್ಟು ಏರಿಲ್ಲ. ಆದ್ರೆ ಆ ಕರ್‌ರ್ ಸದ್ದು ಪೂರ್ತಿ ಹೋಗಿದೆ, ತಿರುವಲ್ಲಿ ಬೋಟಿನ ಹಿಂಭಾಗ ಕುಪ್ಪಳಿಸ್ತಿದ್ದಿದ್ದು ನಿಂತಿದೆ, ಮೋಟಾರ್ ಕೈಯಿಟ್ಟು ಹಿಡ್ಕೊಳ್ಳೋವಷ್ಟು ಬೆಚ್ಚಗೆ ಬರ್ತಿದೆ, ಮುಂಚೆ ಮುಟ್ಟೋಕಾಗ್ತಿರಲಿಲ್ಲ. ನಂಗೆ ಸ್ಪೀಡಿಗಿಂತ ಇದೇ ದೊಡ್ಡದು.

ಹಾಸನದಿಂದ ಬರೋರು ಬೇಲೂರು ಮೇಲೆ ಬಂದ್ರೆ ಅರವತ್ತು ಕಿಮೀ ಚಿಲ್ಲರೆ, ಫೋನ್ ಮಾಡದೆ ಬರಬೇಡಿ. ಡಿಸೆಂಬರ್‌ನಿಂದ ಕುಯ್ಲು ಮುಗಿಯೋವರೆಗೂ ಪಲ್ಪರ್ ಬಿಟ್ಟು ಬೇರೆ ಏನೂ ಮುಟ್ಟಲ್ಲ, ಮಳೆಗಾಲದಲ್ಲಿ ಪುರಸೊತ್ತಾಗಿ ಸಿಗ್ತಾರೆ. ಪ್ರಾಪ್ ಒಂದನ್ನೇ ತರಬೇಡಿ, ನಿಮ್ಮ ಶಾಫ್ಟು, ಡ್ರೈವ್ ಡಾಗು (ಶಾಫ್ಟ್ ಜೊತೆ ಪ್ರಾಪ್ ತಿರುಗಿಸೋ ತುಂಡು) ಎರಡೂ ತನ್ನಿ, ಬೋರ್ (ಪ್ರಾಪ್ ನಡುವಿನ ತೂತು) ಸೈಜ್ ಒಬ್ಬೊಬ್ಬರದು ಒಂದೊಂದು ಇರತ್ತೆ.